ನಡುವೆ ಉಬ್ಬಿದ ಕೌದಿ

ವಯಸ್ಸಾದಂತೆ ಮರೆವು ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನಗೂ ಬಂದಿದೆ, ಇಲ್ಲವೆನ್ನಲಾರೆ. ಕನ್ನಡಕ ಎಲ್ಲಿಟ್ಟೆನೆಂಬುದು ಮರೆಯುತ್ತದೆ, ಒಲೆಯ ಮೇಲೆ ಹಾಲಿಟ್ಟದ್ದು ಮರೆಯುತ್ತದೆ, ಮೊನ್ನೆ ಏಕಾದಶಿಯೆಂಬುದು ಊಟ ಮುಗಿಸಿ ಕೈತೊಳೆಯುವಾಗ ನೆನಪಾಯಿತು. ಆದರೆ ಹರಿಹರಪುರದ ಒಂದು ಮದುವೆಯಲ್ಲಿ ನನ್ನ ಎಡಗಡೆಯವರಿಗೂ ಬಲಗಡೆಯವರಿಗೂ ಎರಡನೆಯ ಸಲ ಹೋಳಿಗೆ ಬಡಿಸಿ, ನಡುವೆ ನನ್ನ ಎಲೆಯನ್ನು ಮಾತ್ರ ದಾಟಿಹೋದ ಮನುಷ್ಯನ ಮುಖವಾಗಲಿ, ಅವನು ಸೊಂಟಕ್ಕೆ ಸುತ್ತಿದ್ದ ವಸ್ತ್ರದ ಅಂಚಿನ ಬಣ್ಣವಾಗಲಿ, ಆ ಹೋಳಿಗೆ ಕಾಯಿಯದೋ ಬೇಳೆಯದೋ ಎಂಬುದಾಗಲಿ ಇಪ್ಪತ್ತು ವರ್ಷ ಕಳೆದರೂ ಮರೆತಿಲ್ಲ. ಬೇಳೆಯದು. ಇದನ್ನು ಕೆಲವರು ಹಗೆಸಾಧನೆ ಎನ್ನುತ್ತಾರೆ. ಹಾಗೆಂದವರ ಹೆಸರುಗಳೂ ನನಗೆ ನೆನಪಿವೆ.

ಇಷ್ಟು ಪೀಠಿಕೆ ಏಕೆಂದರೆ, ನಾನು ಹೇಳಹೊರಟಿರುವುದು ಒಂದು ಕೌದಿಯ ವಿಷಯ. ನಮ್ಮ ಕಡೆ ಕೌದಿಯೆಂದರೆ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಉದ್ದಕ್ಕೆ ದಾರ ಓಡಿಸುವುದು. ಅದಕ್ಕೆ ಕೈ ಬೇಕೇ ಹೊರತು ಕಣ್ಣು ಬೇಡ. ನಾನು ಹೊಲಿಯುವುದು ಆರು ಮೂಲೆಯ ಚೂರುಗಳ ಕೌದಿ. ಮೊದಲು ದಪ್ಪ ಕಾಗದವನ್ನು ಜೇನುಗೂಡಿನ ಕೋಣೆಯ ಆಕಾರಕ್ಕೆ ಕತ್ತರಿಸಬೇಕು. ಅದರ ಮೇಲೆ ಬಟ್ಟೆಯ ಚೂರಿಟ್ಟು, ಆರು ಅಂಚನ್ನೂ ಹಿಂದಕ್ಕೆ ಮಡಿಸಿ ದಾರದಿಂದ ಹಿಡಿಸಬೇಕು. ಹೀಗೆ ಸಿದ್ಧವಾದ ಚೂರುಗಳನ್ನು ಅಂಚಿಗೆ ಅಂಚು ಕೂಡಿಸಿ, ಕಂಡೂ ಕಾಣದಂಥ ಸಣ್ಣ ಹೊಲಿಗೆಯಿಂದ ಜೋಡಿಸಿದಮೇಲೆ ಒಳಗಿನ ಕಾಗದ ತೆಗೆಯಬೇಕು. ನಡುವೆ ಒಂದು ಚೂರು, ಅದರ ಸುತ್ತ ಆರು, ಅದರ ಸುತ್ತ ಹನ್ನೆರಡು, ಆಚೆಗೆ ಹದಿನೆಂಟು. ಹೂವು ಅರಳಿದಂತೆ ಅರಳುತ್ತ ಹೋಗುತ್ತದೆ, ಅಳತೆ ಸರಿಯಿದ್ದರೆ.

ಈ ವಿದ್ಯೆಯನ್ನು ನನಗೆ ಕಲಿಸಿದವರು ನರಸಿಂಹರಾಜಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಓವರ್ಸಿಯರರ ಹೆಂಡತಿ. ನಮ್ಮ ಯಜಮಾನರು ಅಲ್ಲಿ ಕಚೇರಿಯ ಗುಮಾಸ್ತೆಯಾಗಿದ್ದಾಗ, ನಾನು ಮಲೇರಿಯ ಬಂದು ಎದ್ದು, ತರೀಕೆರೆಯ ಪುಟ್ಟ ರೈಲು ಬಂದುಹೋಗುವ ಸದ್ದನ್ನು ಎಣಿಸುತ್ತ ಕುಳಿತಿದ್ದ ಕಾಲವದು. ಆಕೆ ರಟ್ಟಿನ ಚೂರನ್ನು ಅಚ್ಚಾಗಿ ಇಟ್ಟುಕೊಂಡಿದ್ದರು. ರಟ್ಟಿನ ಮೂಲೆ ಸವೆಯುತ್ತದೆ, ನನಗೆ ಸೇರಲಿಲ್ಲ. ಅಲ್ಲಿನ ಕಂಚುಗಾರನಿಂದ ಹಿತ್ತಾಳೆಯಲ್ಲಿ ಒಂದು ಅಚ್ಚು ಮಾಡಿಸಿದೆ. ಆರು ಬದಿಯನ್ನೂ ದಾರ ಹಿಡಿದು ಅಳೆದು, ಮೂರು ಸಲ ಹಿಂದಕ್ಕೆ ಕಳಿಸಿ ಅರ ಹಾಕಿಸಿದೆ. ನಾಲ್ಕನೆಯ ಸಲ ಕೊಡುವಾಗ ಅವನು, ದೇವರ ಪ್ರಭಾವಳಿ ಮಾಡಿಸಿದವರೂ ತನ್ನ ಹತ್ತಿರ ಇಷ್ಟು ಅಳತೆ ಹಿಡಿದಿರಲಿಲ್ಲ ಎಂದ. ಆಗ ಅದನ್ನು ಹೊಗಳಿಕೆಯೆಂದು ತಿಳಿದಿದ್ದೆ. ಎರಡು ವರ್ಷ ಯೋಚಿಸಿದಮೇಲೆ ಅಲ್ಲವೆಂದು ಮನವರಿಕೆಯಾಯಿತು.

ಯಜಮಾನರಿಗೆ ಪೆನ್ಷನ್ ಆಗಿ ಕೊಪ್ಪದಲ್ಲಿ ನೆಲೆಸಿದಮೇಲೆ, ಶನಿವಾರ ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಬಂದವರಿಗೆಲ್ಲ ಕಲಿಸತೊಡಗಿದೆ. ಯುದ್ಧದ ಕಾಲ; ಬಟ್ಟೆಗೂ ಬರ, ಕಾಗದಕ್ಕೂ ಬರ. ಹಳೆಯ ಲಗ್ನಪತ್ರಿಕೆಗಳೇ ನಮಗೆ ಗತಿ. ಮೇಲ್ಗಡೆ ದೇವರ ಹೆಸರಿರುವ ಭಾಗವನ್ನು ಮೊದಲು ಕತ್ತರಿಸಿ ತೆಗೆದಿಡಬೇಕೆಂಬುದು ನನ್ನ ನಿಯಮ. ದೇವರ ಹೆಸರಿಗೆ ಸೂಜಿ ಚುಚ್ಚಬಾರದು. ಕೆಳಗೆ ಅಚ್ಚಾಗಿರುವ ಬಂಧುಗಳ ಹೆಸರಿಗೆ ಚುಚ್ಚಬಹುದು. ಕೆಲವರ ಹೆಸರುಗಳನ್ನು ನಾನೇ ಆರಿಸಿ ಚುಚ್ಚಿದ್ದೂ ಉಂಟು. ಕಲಿಯಬಂದವರಲ್ಲಿ ನೆಮ್ಮಾರಿನ ಒಬ್ಬಾಕೆ ಐದು ಮೂಲೆಯ ಚೂರುಗಳನ್ನು ಬುಟ್ಟಿ ತುಂಬ ಮಾಡಿ ತಂದಳು. ಇದೇನೆಂದು ಕೇಳಿದರೆ, "ಐದಾದ್ರೆ ಎಂತ ಆಗ್ತದೆ ಅಮ್ಮ, ಒಂದು ಮೂಲೆ ಹೊಲಿಯೂದು ಉಳೀತಲ್ಲ" ಎಂದಳು. ಅವಳಿಗೂ ಕಾಫಿ ಕೊಟ್ಟು ಕಳಿಸಿದೆ. ಕೇಳಿದವರಿಗೆ ಹಿತ್ತಾಳೆಯ ಅಚ್ಚನ್ನು ಎರವಲು ಕೊಡುತ್ತಿದ್ದೆ. ಒಬ್ಬರಿಗೆ ಮಾತ್ರ ಕೊಡಲಿಲ್ಲ.

ಆ ಒಬ್ಬಳು ಭಾಗೀರಥಿ, ಯಜಮಾನರ ತಂಗಿ, ಶೃಂಗೇರಿಯಲ್ಲಿರುವ ನನ್ನ ನಾದಿನಿ. ಹನ್ನೆರಡು ವರ್ಷಗಳ ಹಿಂದೆ ಅವಳ ಮಗನ ಉಪನಯನಕ್ಕೆ ಹೋಗಿದ್ದಾಗ, ನಾನು ಎರಡು ವರ್ಷ ಹೊಲಿದು ಮುಗಿಸಿದ್ದ ಮೊಟ್ಟಮೊದಲ ಕೌದಿಯನ್ನು ಉಡುಗೊರೆಯಾಗಿ ಒಯ್ದಿದ್ದೆ. ನಡುಮನೆಯಲ್ಲಿ ಹತ್ತಾರು ಹೆಂಗಸರ ಮುಂದೆ ಅದನ್ನು ಬಿಡಿಸಿ ಹಾಸಿದೆ. ಭಾಗೀರಥಿ ಬಗ್ಗಿ ನೋಡಿದಳು, ಬೆರಳಿನಿಂದ ಮುಟ್ಟಿ ನೋಡಿದಳು, ಆಮೇಲೆ ಬಾಯಿ ತೆರೆದಳು.

"ಅಲ್ಲ ಅತ್ತಿಗೆ, ಮತ್ತೆ ಹೊಲಿಯೂದೇ ಆದ್ರೆ ಇಷ್ಟು ಚೂರು ಮಾಡಿದ್ದು ಯಾಕೆ?"

ಹತ್ತಾರು ಹೆಂಗಸರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಯಜಮಾನರೂ ನಕ್ಕರು. ಆ ನಗುವನ್ನು ಪ್ರತ್ಯೇಕವಾಗಿ ನೆನಪಿಟ್ಟಿದ್ದೇನೆ. ತಕ್ಕ ಉತ್ತರ ನನಗೆ ಹೊಳೆದದ್ದು ಮರಳುವಾಗ, ಬಸ್ಸು ಹರಿಹರಪುರ ದಾಟಿದಮೇಲೆ. ಉತ್ತರ ಕೊಡುವುದಕ್ಕಾಗಿ ಬಸ್ಸು ಹಿಂದಕ್ಕೆ ತಿರುಗುವುದಿಲ್ಲ. ಅದನ್ನು ಮನಸ್ಸಿನಲ್ಲಿ ಮಡಿಸಿಟ್ಟುಕೊಂಡು ಮನೆಗೆ ಬಂದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನ ಒಬ್ಬಳೇ ಮಗಳು ಸಾವಿತ್ರಿಯನ್ನು ನರಸಿಂಹರಾಜಪುರಕ್ಕೆ ಕೊಟ್ಟಿದೆ. ಚೊಚ್ಚಲ ಹೆರಿಗೆಗೆ ಕೊಪ್ಪಕ್ಕೆ ಬಂದವಳು, ಹುಟ್ಟುವ ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವ ದಿನ ಅದರ ಅಡಿಗೆ ಮೂರು ಮನೆಯ ಸೀರೆಯ ಕೌದಿ ಇರಬೇಕೆಂದು ಆಸೆಪಟ್ಟಳು. ಹೊರಗಿನ ಸುತ್ತು ಅವಳ ಅತ್ತೆ ಪಾರ್ವತಮ್ಮನವರದು, ಅದರ ಒಳಗಿನ ಸುತ್ತುಗಳು ನನ್ನವು. ನಡುವಿನ ಹೂವು ಮಾತ್ರ ಶೃಂಗೇರಿಯ ಸೋದರತ್ತೆಯದೇ ಆಗಬೇಕು, ಅದೂ ಅವರ ಹಸಿರು ಸೀರೆಯದೇ ಆಗಬೇಕು ಎಂದು ಹಟ ಹಿಡಿದಳು. ಬಸುರಿಯ ಬಯಕೆ, ಇಲ್ಲವೆನ್ನುವಂತಿರಲಿಲ್ಲ.

ಪಾರ್ವತಮ್ಮನವರು ನನ್ನಿಂದಲೇ ಕಲಿತವರು. ಅಚ್ಚನ್ನು ಒಯ್ದು, ಎಂಟು ದಿನಕ್ಕೆ ಸರಿಯಾಗಿ ಹುಣಿಸೆಹಣ್ಣು ಹಾಕಿ ಬೆಳಗಿ ಕಳಿಸಿಕೊಟ್ಟರು. ಭಾಗೀರಥಿಯೂ ಹೇಗೋ ಯಾರಿಂದಲೋ ಕಲಿತಿದ್ದಳಂತೆ. ಯಾರಿಂದಲೋ ಎಂದರೆ ನನ್ನಿಂದ ಅಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಅವಳೂ ಒಂದು ಕಾರ್ಡು ಬರೆದು ಅಚ್ಚು ಕೇಳಿದಳು. ನಾನು ಅಚ್ಚು ಕಳಿಸಲಿಲ್ಲ. ಲಗ್ನಪತ್ರಿಕೆಯ ಒಂದು ತುಂಡಿನ ಮೇಲೆ ಅಚ್ಚನ್ನಿಟ್ಟು, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಜೊತೆಗೊಂದು ಕಾಗದ ಬರೆದು ಬಸ್ಸಿನವನ ಕೈಯಲ್ಲಿ ಕಳಿಸಿದೆ. ಕಾಗದದಲ್ಲಿ ಏನು ಬರೆದೆನೆಂಬುದನ್ನು ಸದ್ಯಕ್ಕೆ ಬಿಡೋಣ.

ತಿಂಗಳೊಳಗೆ ಶೃಂಗೇರಿಯಿಂದ ಗಂಟು ಬಂತು. ಮೂವತ್ತೇಳು ಚೂರುಗಳ ಹಸಿರು ಹೂವು. ಹೊಲಿಗೆಯನ್ನು ಬಿಸಿಲಿಗೆ ಹಿಡಿದು ತಪ್ಪು ಹುಡುಕಿದೆ, ಮಗುಚಿ ಹುಡುಕಿದೆ. ಹೊಲಿಗೆ ಚೆನ್ನಾಗಿತ್ತು. ಈ ವಾಕ್ಯ ಬರೆಯುವಾಗ ಲೇಖನಿ ಸ್ವಲ್ಪ ತಡೆಯಿತು. ಆದರೆ ನನ್ನ ಮೊದಲ ಚೂರನ್ನು ಅದಕ್ಕೆ ಕೂಡಿಸುವಾಗಲೇ ತಿಳಿಯಿತು: ಅವಳ ಅಂಚು ನನ್ನ ಅಂಚಿಗಿಂತ ಒಂದು ಅಕ್ಕಿಕಾಳಿನಷ್ಟು ಉದ್ದ. ಅಲ್ಲಿಗೇ ನಿಲ್ಲಿಸಿ ಹೊಸ ಹೂವು ಮಾಡಿಸಬಹುದಿತ್ತು. ಸಮಯವಿತ್ತು, ಕೂಸು ಇನ್ನೂ ಹುಟ್ಟಿರಲಿಲ್ಲ. ನಾನು ನಿಲ್ಲಿಸಲಿಲ್ಲ. ತಪ್ಪು ಪೂರ್ತಿಯಾಗಿ, ನಾಲ್ಕು ಜನಕ್ಕೆ ಕಾಣುವಂತೆ ಎದ್ದು ನಿಲ್ಲಲಿ ಎಂದು ಹೊಲಿಯುತ್ತಲೇ ಹೋದೆ.

ಎದ್ದು ನಿಂತಿತು. ಹೊರಗೆ ನನ್ನ ಸುತ್ತುಗಳೂ ಪಾರ್ವತಮ್ಮನವರ ಸುತ್ತೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂಡಿಕೊಂಡವು. ನಡುವೆ ಭಾಗೀರಥಿಯ ಹೂವು ಮಾತ್ರ ಬಿಗಿದ ಸುತ್ತುಗಳ ಮಧ್ಯೆ ಜಾಗ ಸಾಲದೆ ಬಾಣಲೆ ಬೋರಲು ಹಾಕಿದಂತೆ ಉಬ್ಬಿಕೊಂಡಿತು. ಅಡಿಗೆ ಹಳೆಯ ಪಂಚೆಯೊಂದನ್ನು ಅಲ್ಲಲ್ಲಿ ಟಾಕು ಹಾಕಿ ಸೇರಿಸಿ, ಕೌದಿಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟೆ. ಸಾವಿತ್ರಿ ಎರಡು ಸಲ ತೋರಿಸೆಂದು ಕೇಳಿದಳು. ಆ ದಿನ ನೋಡುವೆಯಂತೆ ಎಂದೆ.

ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ಹಿಂದಿನ ದಿನ ಪಾರ್ವತಮ್ಮನವರು ಬೆಳಿಗ್ಗೆ ಬಂದರು. ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಬಸ್ಸು ನಿಂತಲ್ಲೆಲ್ಲ, ಮೂರು ಕಡೆ ಇಳಿದು ಹತ್ತಿ, ಹಣೆಗೆ ಮಸಿ ಬಳಿದುಕೊಂಡು ಭಾಗೀರಥಿ ಮಧ್ಯಾಹ್ನಕ್ಕೆ ಬಂದಳು. ಎಲ್ಲರಿಗೂ ಕಾಫಿಯಾದಮೇಲೆ ನಾನು ಕೌದಿಯನ್ನು ತಂದು ನಡುಮನೆಯಲ್ಲಿ ಬಿಡಿಸಿ ಹಾಸಿದೆ. ಹನ್ನೆರಡು ವರ್ಷ ಮಡಿಸಿಟ್ಟಿದ್ದ ಉತ್ತರವನ್ನೂ ಬಿಡಿಸಿದೆ.

"ಚೂರು ಮಾಡಿದ್ದು ಯಾಕೆ ಅಂತ ಕೇಳಿದ್ದೆಯಲ್ಲ ಭಾಗೀರಥಿ, ನೆಟ್ಟಗೆ ಚೂರು ಮಾಡ್ಲಿಕ್ಕೆ ಬರದವರು ಹಾಗೇ ಕೇಳೂದು."

ಯಾರೂ ನಗಲಿಲ್ಲ. ಭಾಗೀರಥಿ ನೆಲಕ್ಕೆ ಕುಳಿತು ಆ ಉಬ್ಬನ್ನು ಅಂಗೈಯಿಂದ ಒತ್ತಿದಳು. ಕೈ ತೆಗೆದೊಡನೆ ಅದು ಮತ್ತೆ ಎದ್ದಿತು. ಆಮೇಲೆ ತನ್ನ ಚೀಲದಿಂದ, ನಾಲ್ಕಾಗಿ ಮಡಿಸಿದ ಒಂದು ಕಾಗದ ತೆಗೆದು ನನ್ನ ಕಡೆ ಚಾಚಿದಳು.

"ನೀವು ಬರೆದ ಹಾಗೇ ಮಾಡಿದ್ದು ಅತ್ತಿಗೆ. ನೀವೇ ಓದಿ."

ನನ್ನ ಕನ್ನಡಕ ಎಲ್ಲಿಟ್ಟಿದ್ದೆನೋ ನೆನಪಾಗಲಿಲ್ಲ. ಪಾರ್ವತಮ್ಮನವರು ತೆಗೆದುಕೊಂಡು ಗಟ್ಟಿಯಾಗಿ ಓದಿದರು. ನನ್ನದೇ ಅಕ್ಷರ, ನನ್ನದೇ ಮಾತು: "ಗೆರೆಯ ಮೇಲೆ ಕತ್ತರಿ ಇಡಕೂಡದು. ಗೆರೆ ಪೂರ್ತಿಯಾಗಿ ಉಳಿಯುವಂತೆ ಅದರ ಹೊರಗೆ ಕತ್ತರಿಸತಕ್ಕದ್ದು. ಕಾಗದ ಸವೆದರೆ ಅದರಿಂದಲೇ ಗೆರೆ ಎಳೆದು ಇನ್ನೊಂದು ಮಾಡಿಕೊಳ್ಳತಕ್ಕದ್ದು. ಅಚ್ಚು ಮನೆಯಿಂದ ಹೊರಗೆ ಹೋಗುವುದಿಲ್ಲ. ನಿನ್ನ ಅವಸರದ ಕೈ ನನಗೆ ಗೊತ್ತಿದೆ."

ಅಚ್ಚು ಮನೆಯಿಂದ ಹೊರಗೆ ಹೋಗುವುದಿಲ್ಲ ಎಂಬಲ್ಲಿ ಪಾರ್ವತಮ್ಮನವರ ದನಿ ಸ್ವಲ್ಪ ತಗ್ಗಿತು. ಅವರ ಮನೆಗೆ ಹೋಗಿ ಬಂದಿತ್ತಲ್ಲ.

ಯಜಮಾನರು ಎದ್ದುಹೋಗಿ ಹಿತ್ತಾಳೆಯ ಅಚ್ಚನ್ನು ತಂದರು. ಭಾಗೀರಥಿ ಕೊನೆಯಲ್ಲಿ ಬಳಸಿ, ಚೀಲದಲ್ಲಿ ತಂದಿದ್ದ ಅಳತೆಯ ಕಾಗದದ ಮೇಲೆ ಇಟ್ಟರು. ಅಚ್ಚಿನ ಸುತ್ತ ಆರು ಕಡೆಗೂ ಸಮನಾಗಿ ಕಾಗದ ಹೊರಗೆ ಇಣುಕುತ್ತಿತ್ತು. ಅವಳು ನಾಲ್ಕು ಸಲ ಕಾಗದ ಬದಲಾಯಿಸಿದ್ದಳು, ನಾಲ್ಕು ಸಲವೂ ಗೆರೆಯನ್ನು ಪೂರ್ತಿ ಉಳಿಸಿದ್ದಳು, ಪ್ರತಿ ಸಲವೂ ಚೂರು ಒಂದು ಗೆರೆಯಷ್ಟು ದೊಡ್ಡದಾಗಿತ್ತು. ಎರಡನೆಯ ಕಾಗದ ಸಿದ್ಧವಾದಾಗ ಮೊದಲನೆಯದರಿಂದ ಹೊಲಿದಿದ್ದ ಚೂರುಗಳನ್ನು ಬಿಚ್ಚಿ ಹೊಸ ಅಳತೆಗೆ ತಂದಿದ್ದಳಂತೆ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಹಾಗೆಯೇ. ಅದಕ್ಕೇ ಹೂವು ತನ್ನೊಳಗೆ ಅಷ್ಟು ಚೆನ್ನಾಗಿ ಕೂಡಿದ್ದು. ನನ್ನ ಶಿಷ್ಯೆಯರಲ್ಲಿ ಯಾರೊಬ್ಬರೂ ನನ್ನ ಮಾತನ್ನು ಇಷ್ಟು ಅಕ್ಷರಶಃ ನಡೆಸಿದವರಿಲ್ಲ.

"ಅಮ್ಮ, ನಾಳೆಯೊಳಗೆ ಬಿಚ್ಚಿ ಹೊಲಿಯೂಕೆ ಆಗ್ತದಾ?" ಎಂದಳು ಸಾವಿತ್ರಿ. ಅವಳ ಕಣ್ಣು ತುಂಬಿತ್ತು. ಆಗುವಂತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು.

ಮೊದಲೇ ಹೇಳಬೇಕಾಗಿದ್ದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ನರಸಿಂಹರಾಜಪುರದಲ್ಲಿ ನನಗೆ ಮಲೇರಿಯ ಬಂದಾಗ ಸಾವಿತ್ರಿಗೆ ನಾಲ್ಕು ವರ್ಷ. ಭಾಗೀರಥಿ ಬಂದು ಮಗುವನ್ನು ಎತ್ತಿಕೊಂಡು ಹೋದವಳು ಎರಡು ವರ್ಷ ಸಾಕಿದಳು. ರಾತ್ರಿ ಅಮ್ಮ ಬೇಕೆಂದು ಅತ್ತಾಗ ಅವಳ ಹಸಿರು ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಮಲಗುತ್ತಿತ್ತಂತೆ. ಆ ಎರಡು ವರ್ಷವೇ ನಾನು ನಿಶ್ಚಿಂತೆಯಿಂದ ಕುಳಿತು ಮೊದಲ ಕೌದಿ ಹೊಲಿದದ್ದು. ಉಪನಯನಕ್ಕೆ ಹೋದದ್ದೂ ಮಗುವನ್ನು ಮರಳಿ ಕರೆತರುವುದಕ್ಕಾಗಿಯೇ. ಅಂದು ಅವಳು ಆಡಿದ ಒಂದು ಮಾತಿನ ಬಗ್ಗೆ ಮೇಲೆ ಇಷ್ಟುದ್ದ ಬರೆದಿದ್ದೇನೆ. ಮಗುವನ್ನು ನನ್ನ ಕೈಗೆ ಕೊಡುವಾಗ ಅವಳು ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡು ಬಂದದ್ದು ಇಷ್ಟು ವರ್ಷ ನನ್ನ ನೆನಪಿನಲ್ಲೇ ಇರಲಿಲ್ಲ.

ಭಾಗೀರಥಿಯೇ ಎದ್ದಳು. ಕೌದಿಯನ್ನು ಎತ್ತಿಕೊಂಡು ತೊಟ್ಟಿಲ ಹತ್ತಿರ ಹೋದಳು. ಒಳಗಿದ್ದ ಹಳೆಯ ಸೀರೆಗಳನ್ನು ಸುತ್ತಲೂ ಅಂಚಿಗೆ ಒತ್ತರಿಸಿ, ನಡುವೆ ತಗ್ಗು ಬಿಟ್ಟು, ಮೇಲೆ ಕೌದಿ ಹಾಸಿ, ಆ ಉಬ್ಬನ್ನು ಮುಷ್ಟಿಯಿಂದ ಮೆಲ್ಲಗೆ ಕೆಳಕ್ಕೆ ಒತ್ತಿದಳು. ಈ ಸಲ ಅದು ಏಳಲಿಲ್ಲ. ಹಸಿರು ಗುಳಿಯಾಗಿ ಒಳಕ್ಕೆ ಕೂತಿತು. ಶಾಸ್ತ್ರ ನಾಳೆಗಿರಲಿ, ಇದು ಬರೀ ಅಳತೆಗೆ ಎಂದು ಕೂಸನ್ನು ತಂದು ಅದರಲ್ಲಿ ಮಲಗಿಸಿ ನೋಡಿದಳು. ಹಕ್ಕಿ ಗೂಡಿನಲ್ಲಿ ಕುಳಿತಷ್ಟು ಸರಿಯಾಗಿ ಕೂಸು ಹೊಂದಿಕೊಂಡಿತು, ಒಂದು ಸಲ ಆಕಳಿಸಿ ನಿದ್ದೆ ಮುಂದುವರಿಸಿತು.

"ಬಿಚ್ಚೂದು ಎಂತಕ್ಕೆ ಮಾರಾಯ್ತಿ" ಎಂದಳು ಸಾವಿತ್ರಿಗೆ. "ಕೂಸು ಉರುಳದ ಹಾಗೆ ನಿನ್ನಮ್ಮ ಅಳತೆ ಹಿಡಿದು ಗುಳಿ ಮಾಡಿಟ್ಟಿದ್ದಾರೆ."

ಮರುದಿನ ಬಂದವರಿಗೆಲ್ಲ ಅವಳು ಅದನ್ನೇ ಹೇಳಿದಳು. ನರಸಿಂಹರಾಜಪುರದಿಂದ ಬಂದಿದ್ದ ಇಬ್ಬರು ಹೆಂಗಸರು ಈ ಗುಳಿ ತೆಗೆಯುವುದನ್ನು ತಮಗೂ ಕಲಿಸಿಕೊಡಬೇಕೆಂದು ನನ್ನ ಬೆನ್ನು ಹತ್ತಿದರು. ಅದು ಕಷ್ಟದ ಕೆಲಸ, ಬಾಯಲ್ಲಿ ಹೇಳಿ ಬರುವಂಥದಲ್ಲ, ಶನಿವಾರ ಬಂದರೆ ನೋಡೋಣ ಎಂದು ಗಂಭೀರವಾಗಿ ಹೇಳಿದೆ. ಪಕ್ಕದಲ್ಲೇ ನಿಂತಿದ್ದ ಭಾಗೀರಥಿ ತಾಂಬೂಲದ ತಟ್ಟೆಯ ಕಡೆ ಮುಖ ತಿರುಗಿಸಿಕೊಂಡಳು. ಅವಳ ಹೆಗಲು ಮಾತ್ರ ಅಲುಗುತ್ತಿತ್ತು.

ಅವಳು ಹೊರಡುವ ದಿನ ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ಅವಳ ಚೀಲಕ್ಕೆ ನಾನೇ ಹಾಕಿದೆ, ಎಂಟು ದಿನಕ್ಕೆಂದು. ಇದಾಗಿ ನಾಲ್ಕು ತಿಂಗಳಾಯಿತು. ಎರಡು ಕಾರ್ಡು ಬರೆದೆ. ಶೃಂಗೇರಿಯಲ್ಲಿ ಈಗ ಆರು ಮನೆಯ ಹೆಂಗಸರು ಹೊಲಿಯುತ್ತಿದ್ದಾರಂತೆ, ಅಚ್ಚು ಒಂದು ಮನೆಯಿಂದ ಇನ್ನೊಂದಕ್ಕೆ ತಿರುಗುತ್ತಿದೆಯಂತೆ, ಸಿರಿಮನೆಯಿಂದಲೂ ಯಾರೋ ಕೇಳಿಕೊಂಡು ಬಂದಿದ್ದಾರಂತೆ, ಅತ್ತಿಗೆ ಬೇಸರಿಸಬಾರದಂತೆ. ಬೇಸರವೇನಿಲ್ಲ. ಅಲ್ಲಿಯವರೆಗೆ ನನ್ನ ಬಳಿ ಉಳಿದಿದ್ದ ಒಂದು ಲಗ್ನಪತ್ರಿಕೆಯ ತುಂಡಿನಿಂದಲೇ ಗೆರೆ ಎಳೆದು ಕತ್ತರಿಸಿಕೊಳ್ಳುತ್ತಿದ್ದೇನೆ. ಅದು ಸವೆದಾಗ ಅದರಿಂದ ಇನ್ನೊಂದು, ಅದರಿಂದ ಮತ್ತೊಂದು. ಮೊನ್ನೆ ಮುಗಿಸಿದ ಹೂವನ್ನು ಯಜಮಾನರು ಕೈಯಲ್ಲಿ ಹಿಡಿದು ನೋಡಿ, ಇತ್ತೀಚೆಗೆ ನಿನ್ನ ಚೂರುಗಳಿಗೆ ಸ್ವಲ್ಪ ಮೈ ಬಂದಿದೆ ಎಂದರು. ನಗುತ್ತ ಹೇಳಿದರು. ಅಂದು ಮಂಗಳವಾರವೆಂಬುದನ್ನೂ ನೆನಪಿಟ್ಟಿದ್ದೇನೆ.