ಮಾವನ ರಿಕಾರ್ಡು, ಅಳಿಯನ ಪೆನ್‌ಡ್ರೈವು

ನಮ್ಮ ಸೋದರಮಾವನ ಪ್ರಕಾರ ಕೈಯಲ್ಲಿ ಹಿಡಿದಾಗ ಭಾರ ಹತ್ತದ ಹಾಡು ಹಾಡೇ ಅಲ್ಲ. ನಗಬೇಡಿ! ಸಿಂಧನೂರಿನಂಥ ಭತ್ತದ ಪೇಟೆಯಲ್ಲಿ ಹುಟ್ಟಿ ಬೆಳೆದವನು. ಅಲ್ಲಿ ತೂಕಕ್ಕೆ ಹಾಕದೆ ಯಾವುದನ್ನೂ ನಂಬುವ ರೂಢಿಯಿಲ್ಲ. ಮೊದಲ ಸಲ ಯಾರೋ ಅವನ ಅಂಗೈ ಮೇಲೆ ಪೆನ್‌ಡ್ರೈವ್ ಇಟ್ಟು, "ಇದರಾಗ ಸಾವಿರಾರು ಹಾಡು ಅದಾವ್ರಿ" ಎಂದರಂತೆ. ಮಾವ ಅದನ್ನು ಮೇಲೆ ಕೆಳಗೆ ತೂಗಿ ನೋಡಿ, "ಅಡಿಕಿ ಹೋಳಿನಷ್ಟೂ ಭಾರ ಇಲ್ಲಲ್ಲೋ! ಯಾರು ಹಾಡ್ಯಾರಪಾ ಇದರಾಗ, ಇರುವೀನ?" ಎಂದು ಕೇಳಿದನಂತೆ.

ಮಾವನದು ಸೌಂಡ್ ಸರ್ವಿಸ್. ಊರಿನ ಉಳಿದ ಸೌಂಡಿನವರೆಲ್ಲ ಡಿಜೆಗಳಾಗಿ, ಟ್ರ್ಯಾಕ್ಟರ್ ಟ್ರೇಲರಿನ ತುಂಬ ಬಾಕ್ಸು ಪೇರಿಸಿಕೊಂಡು ಓಡಾಡುವ ಈ ಕಾಲದಲ್ಲೂ ಅವನು ಹಚ್ಚುವುದು ಕರಿ ತಟ್ಟೆಯಂಥ ಹಳೇ ರಿಕಾರ್ಡುಗಳನ್ನೇ. ಅವನ ಬಾಯಲ್ಲಿ ಅವು 'ಪ್ಲೇಟು'. ಪ್ಲೇಟು ಮುಟ್ಟುವ ಮುಂಚೆ ಸೋಪು ಹಚ್ಚಿ ಕೈ ತೊಳೆಯಬೇಕು, ಟವೆಲ್ಲಿನಿಂದ ಒರೆಸಬೇಕು, ಅಂಚು ಮಾತ್ರ ಹಿಡಿಯಬೇಕು. "ಲಿಂಗಪೂಜಿಗೂ ಇಷ್ಟು ಮಡಿ ಇಲ್ಲ ನೋಡವ್ವ ಈ ಮನ್ಯಾಗ!" ಎಂದು ಅತ್ತೆ ಗೊಣಗುತ್ತಾಳೆ. ಇಂಥವನನ್ನು ಮದುವೆಗೆ ಕರೆಯುವವರಾದರೂ ಯಾರು? 'ಬೇಡ' ಎನ್ನಲಾಗದ ನೆಂಟರು, ಮತ್ತ್ಯಾರು!

ಡಿಜೆಯವರ ಹಾಡು ಒಂದರ ಬಾಲಕ್ಕೊಂದು ಅಂಟಿಕೊಂಡು ಬರುತ್ತದೆ. ಮಾವನದು ಹಾಗಲ್ಲ. ಒಂದು ಮಗ್ಗಲು ಮುಗಿದರೆ ಮುಳ್ಳು ಎತ್ತಬೇಕು, ಪ್ಲೇಟು ತಿರುವಬೇಕು, ಧೂಳು ಒರೆಸಬೇಕು. ಅಷ್ಟು ಹೊತ್ತೂ ಹಂದರದ ತುಂಬ ಮೌನ. ಗೊರೇಬಾಳದ ಮದುವೆಯೊಂದರಲ್ಲಿ ಗಂಡಿನ ಚಿಕ್ಕಮ್ಮ ಹಾಡಿನ ಅಬ್ಬರದ ನಡುವೆ ಪಕ್ಕದವಳಿಗೆ ಕೇಳಲೆಂದು ಗಂಟಲು ಹರಿದುಕೊಂಡು ಮಾತಾಡುತ್ತಿದ್ದಳು. ಸರಿಯಾಗಿ ಆಗಲೇ ಮಗ್ಗಲು ಮುಗಿಯಬೇಕೇ! "ಬೀಗರ ಕೈ ಬಲು ಬಿಗಿ ಬೇ, ಹುಗ್ಗ್ಯಾಗ ಬೆಲ್ಲಾನ ಇಲ್ಲ!" ಎಂಬುದು ಇಡೀ ಹಂದರಕ್ಕೆ ಕೇಳಿಸಿತು. ಹುಗ್ಗಿಯ ಬಕೆಟ್ ಹಿಡಿದು ನಿಂತಿದ್ದ ಹೆಣ್ಣಿನ ಅಪ್ಪನಿಗೂ ಕೇಳಿಸಿತು. ಜಗಳ ಹತ್ತಿ, ಆರಿ, ಕೊನೆಗೆ ಎರಡೂ ಕಡೆಯವರು ಒಂದಾಗಿ ಮಾವನನ್ನು ಬೈದರು. ಮಾವ ಜಗ್ಗಲಿಲ್ಲ. "ಡಿಜೆ ಇದ್ದಿದ್ರ ಹುಗ್ಗಿ ಸಪ್ಪಗಾಗೇತಿ ಅಂತ ನಿಮಗ ಯಾರು ಹೇಳ್ತಿದ್ರು?" ಎಂದ.

ನಮ್ಮ ಕಡೆಯ ಬೇಸಿಗೆಗೆ ಮನುಷ್ಯರೇ ಬಾಗುತ್ತಾರೆ, ರಿಕಾರ್ಡು ಯಾವ ಲೆಕ್ಕ? ಒಂದು ಸಲ ಬಿಸಿಲಿಗೆ ಸಿಕ್ಕು ಕೆಲವು ಪ್ಲೇಟುಗಳು ಕರಿದ ಹಪ್ಪಳದಂತೆ ಸೊಟ್ಟಗಾದವು. ಮಾವ ಅವುಗಳನ್ನು ಹಳೇ ಧೋತರದಲ್ಲಿ ಗಂಟು ಕಟ್ಟಿ, ಗೆಳೆಯನ ರೈಸ್ ಮಿಲ್ಲಿಗೆ ಒಯ್ದು, ಅಕ್ಕಿ ಚೀಲಗಳ ಥಪ್ಪಿಯ ನಡುವೆ ತುರುಕಿ ಬಂದ. ಭಾರಕ್ಕೆ ನೆಟ್ಟಗಾಗಲಿ ಎಂದು! ಅಲ್ಲಿಯ ಹಮಾಲರಿಗೇನು ಗೊತ್ತು? ಗಂಟನ್ನು ದೇವರ ಸಾಮಾನೆಂದು ತಿಳಿದು, ಭಕ್ತಿಯಿಂದ ಕೈಮುಗಿದು, ಚೀಲಗಳ ಜೊತೆಗೇ ಲಾರಿಗೇರಿಸಿದರು. ಸುದ್ದಿ ತಿಳಿದ ಮಾವ ಬೈಕ್ ಹತ್ತಿ ಬೆನ್ನಟ್ಟಿದ. ಮಸ್ಕಿಯ ಹೊರಗೆ ಚಹದಂಗಡಿಯ ಮುಂದೆ ಲಾರಿ ಸಿಕ್ಕಿತು. "ಏನ್ರೀ ಯಜಮಾನ್ರ, ಗಂಟಿನ್ಯಾಗ ಬಂಗಾರೇನು?" ಎಂದು ಡ್ರೈವರ್ ಕೇಳಿದ. "ಬಂಗಾರ ಸೊಟ್ಟಾದ್ರ ಪತ್ತಾರ ಅದಾನ. ಇದಕ್ಕ ಅಕ್ಕಿ ಚೀಲಾನ ಗತಿ!" ಎಂದು ಮಾವ ಚೀಲಗಳ ಮೇಲೆ ಹತ್ತಿಯೇಬಿಟ್ಟ. ಆಶ್ಚರ್ಯವೆಂದರೆ ಪ್ಲೇಟುಗಳು ನಿಜಕ್ಕೂ ನೆಟ್ಟಗಾಗಿದ್ದವು. ಲಾರಿಯ ಕುಲುಕಾಟವೂ ಸೇರಿದ್ದಕ್ಕೇ ಇಷ್ಟು ಚಂದ ಆಗಿದ್ದು ಎಂದು ಅವನು ಇವತ್ತಿಗೂ ವಾದಿಸುತ್ತಾನೆ.

ಇಂಥ ಮಾವನ ಒಬ್ಬಳೇ ಮಗಳಿಗೆ ಗಂಡು ಬಂತು. ಮಸ್ಕಿಯ ಹುಡುಗ, ನೋಡಲು ಚಂದ, ಮನೆತನ ಚಂದ. ಹುಡುಗಿ ಒಪ್ಪಿದ್ದಳು. ಮಾವ ಚಹಾ ಗುಟುಕರಿಸುತ್ತ, "ಹುಡುಗ ಏನ್ ಕೆಲಸ ಮಾಡ್ತಾನ್ರಿ?" ಎಂದು ಕೇಳಿದ.

"ಡಿಜೆ ಅದಾನ್ರಿ."

ಮಾವ ಕಪ್ಪು ಕೆಳಗಿಟ್ಟ. ಸಂಬಂಧವೇ ಬೇಡ ಎಂದು ಅಡಿಗೆಮನೆಯಲ್ಲಿ ಕೂಗಾಡಿದ. ಅತ್ತೆ ಲಟ್ಟಣಿಗೆ ಹಿಡಿದುಕೊಂಡೇ, "ಆಕಿ ಹುಡುಗನ ಕೂಡ ಬಾಳೆ ಮಾಡಾಕ್ಯೋ, ಪೆನ್‌ಡ್ರೈವ್ ಕೂಡನೋ? ಸುಮ್ನ ಹೋಗಿ ಹೂಂ ಅನ್ರಿ" ಎಂದಳು. ಮಾವ ಸುಮ್ಮನೆ ಹೋಗಿ ಹೂಂ ಅಂದ.

ನಿಶ್ಚಯವಾದ ಮೇಲೆ ಹುಡುಗ ಮಾವನನ್ನು ಒಲಿಸಿಕೊಳ್ಳಲೆಂದು ತನ್ನ ಡಿಜೆ ಯಂತ್ರವನ್ನೇ ಹೊತ್ತು ತಂದ. ಅದರ ಮೇಲೆ ಎರಡು ದುಂಡನೆಯ ಚಕ್ರಗಳಿದ್ದವು. ಮಾವ ಕನ್ನಡಕ ಏರಿಸಿದ.

"ಪ್ಲೇಟ್ ಎಲ್ಲಿ ಇಡೂದು ಇದರಾಗ?"

"ಪ್ಲೇಟ್ ಇಲ್ರಿ ಮಾವಾರ. ಹಾಡೆಲ್ಲ ಲ್ಯಾಪ್‌ಟಾಪಿನ್ಯಾಗ ಅದಾವ."

"ಮತ್ತ ಈ ಚಕ್ರ ಯಾಕ ತಿರುಗತಾವ?"

ಹುಡುಗ ತಲೆ ಕೆರೆದುಕೊಂಡ. "ಅದು... ಪ್ಲೇಟ್ ತಿರುವಿದಂಗ ಅನಸ್ಲಿ ಅಂತ್ರಿ."

ಅಷ್ಟೇ! ಮಾವ ಚುನಾವಣೆ ಗೆದ್ದವನಂತೆ ಓಣಿಗಿಳಿದ. "ಪ್ಲೇಟ್ ಬ್ಯಾಡ ಅನ್ನೋರಿಗೂ ಪ್ಲೇಟಿನ ಆಸಿ ಹೋಗಿಲ್ಲ ನೋಡ್ರಿ!" ಎಂದು ಕಂಡಕಂಡವರಿಗೆಲ್ಲ ಹೇಳಿದ. ಕಿರಾಣಿ ಅಂಗಡಿಯವನು ಉಪ್ಪು ಕಟ್ಟಿಕೊಡುವುದನ್ನು ಬಿಟ್ಟು ಕೇಳಬೇಕಾಯಿತು.

ಇಷ್ಟೆಲ್ಲ ನಗೆಯ ಒಳಗೆ ಮಾವನಿಗೆ ಒಂದು ಚಿಂತೆ ನಿಜವಾಗಿಯೂ ಹತ್ತಿತ್ತು. ಮಗಳು ತೊಟ್ಟಿಲಲ್ಲಿದ್ದಾಗಿನಿಂದ ಆ ರಿಕಾರ್ಡುಗಳ ಸದ್ದಿನಲ್ಲೇ ಉಂಡು, ಮಲಗಿ, ಎದ್ದವಳು. ಪ್ಲೇಯರನ್ನೇ ಅವಳ ಜೊತೆ ಕಳಿಸುತ್ತೇನೆ ಎಂದ. "ಅದನ್ನ ನಾ ಒಯ್ದ್ರ ನೀ ಏನ್ ಕೇಳ್ತಿ ಅಪ್ಪಾ? ಬ್ಯಾಡ" ಎಂದು ಅವಳು ಖಡಾಖಂಡಿತವಾಗಿ ಹೇಳಿದಳು. ಮಾವ ನನ್ನ ಹತ್ತಿರ ಬಂದು ಕುಳಿತ. "ಹೊಸ ಮನಿ, ಹೊಸ ಮಂದಿ ಬೇ. ನಮ್ಮ ಮನೀದು ಅಂತ ಏನರ ಒಂದು ಆಕಿ ಕಿವಿಗೆ ಬೀಳಬೇಕಲ್ಲ?" ಎಂದ. ಎಂದೂ ಹೀಗೆ ಮೆತ್ತಗೆ ಮಾತಾಡಿದವನಲ್ಲ.

ಕೊನೆಗೆ ಮಾವ ಅಳಿಯನಿಗೇ ಫೋನ್ ಮಾಡಿ, ಪ್ಲೇಟಿನ ಹಾಡುಗಳನ್ನು ಪೆನ್‌ಡ್ರೈವಿಗೆ ತುಂಬಿಸಿಕೊಡು ಎಂದು ಕೇಳಿದ! ಕೇಳಿ ನಾವೆಲ್ಲ ಸುಸ್ತು. ಆದರೆ ಅಳಿಯ ವೈರು ಹಿಡಿದು ಮನೆಗೆ ಬಂದಾಗ ಅದಕ್ಕೂ ಒಂದು ಷರತ್ತು ಹಾಕಿದ. "ನನ್ನ ಮಷಿನ್‌ಗೆ ವೈರ್ ಚುಚ್ಚಬ್ಯಾಡ್ರಿ ಅಳಿಯಂದ್ರ. ನಿಮ್ಮ ಮೊಬೈಲ್ ಆ ಕಟ್ಟಿ ಮ್ಯಾಲ ಇಡ್ರಿ. ಹಾಡು ತಾನಾ ನಡ್ಕೊಂತ ಹೋಗಿ ಕುಂದರತೈತಿ."

"ಹಂಗ ಮಾಡಿದ್ರ ಮನಿ ಗದ್ಲೆಲ್ಲ ಬರತೈತ್ರಿ ಮಾವಾರ."

"ಬರ್ಲಿ ಬಿಡ್ರಿ."

ಹಟಮಾರಿ ಎಂದು ನಾವೆಲ್ಲ ಹಣೆ ಚಚ್ಚಿಕೊಂಡೆವು. ಅಳಿಯ ಮೊಬೈಲನ್ನು ಕಟ್ಟೆಯ ಮೇಲಿಟ್ಟು ಹಾಡು ತುಂಬಿಸಿಕೊಂಡ. ಮದುವೆಯಾಯಿತು. ತಾಳಿ ಕಟ್ಟಿ ಅಕ್ಕಿಕಾಳು ಹಾಕುವಾಗ ಮಾವನ ಪ್ಲೇಟು, ಮೆರವಣಿಗೆಗೆ ಅಳಿಯನ ಗೆಳೆಯರ ಡಿಜೆ. ಮಾವ ಕಿವಿಗೆ ಹತ್ತಿ ತುರುಕಿಕೊಂಡು ಎಲ್ಲರಿಗಿಂತ ಮುಂದೆ ನಡೆದ. ಮಗಳು ಕಾರು ಹತ್ತುವಾಗ ಮಾತ್ರ ಹತ್ತಿರ ಬರಲಿಲ್ಲ. ಮೂಲೆಯಲ್ಲಿ ನಿಂತು, ಸುತ್ತಿಟ್ಟ ವೈರನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ.

ನಾನಿರುವುದು ಲಿಂಗಸುಗೂರಿನಲ್ಲಿ. ಮೊನ್ನೆ ಸಿಂಧನೂರಿಗೆ ಹೊರಟವಳು ದಾರಿಯಲ್ಲಿ ಮಸ್ಕಿಗೆ ಇಳಿದು ಮಾವನ ಮಗಳನ್ನು ನೋಡಲು ಹೋದೆ; ನನಗೆ ಅವಳು ತಂಗಿಯೇ. ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಸಣ್ಣ ಸ್ಪೀಕರಿನಲ್ಲಿ ಅಪ್ಪನ ಹಾಡು. ಹಾಡಿನ ನಡುವೆ ಇದ್ದಕ್ಕಿದ್ದಂತೆ ಸ್ಪೀಕರಿನಿಂದಲೇ ಸಿಂಧನೂರಿನ ನಮ್ಮ ಅತ್ತೆಯ ದನಿ: "ಏನ್ರೀ, ರೊಟ್ಟಿ ಆರಾಕತ್ತಾವ, ಏಳ್ರಿ!" ಸ್ವಲ್ಪ ಹೊತ್ತಿಗೆ ಮತ್ತೆ, ಇನ್ನೂ ಜೋರಾಗಿ: "ಕಿವಿ ಕೇಳಸಂಗಿಲ್ಲೇನು ನಿಮಗ?" ನಾನು ನಕ್ಕುಬಿಟ್ಟೆ. "ನಿನ್ನ ಗಂಡಗ ಹೇಳಿದ್ರ ಅದನ್ನ ತಗದು ಬರೇ ಹಾಡು ಉಳಸ್ತಿದ್ನಲ್ಲ ಬೇ?"

ತಂಗಿಯ ಕೈ ಹಿಟ್ಟಿನ ಮೇಲೆ ನಿಂತಿತ್ತು. "ಅವ್ರು ತಗೀತೀನಿ ಅಂದಿದ್ರಕ್ಕ. ನಾನಾ ಬ್ಯಾಡ ಅಂದೆ" ಎಂದವಳು ಮೊಣಕೈಯಿಂದ ಕಣ್ಣೊರೆಸಿಕೊಂಡಳು.

ಸಿಂಧನೂರಿಗೆ ಹೋದವಳೇ ಮಾವನಿಗೆ ವರದಿ ಒಪ್ಪಿಸಿದೆ. "ಮಾವ, ದಿನಾ ಕೇಳ್ತಾಳ. ಆದ್ರ ಹಾಡಿನ್ಯಾಗ ಅತ್ತಿ ಬೈಯೂದೂ ಬಂದೈತಿ."

ಮಾವ ಪ್ಲೇಟಿನ ಧೂಳು ಒರೆಸುತ್ತಿದ್ದ. ತಲೆ ಎತ್ತಲಿಲ್ಲ.

"ಗೊತ್ತೈತಿ ಬೇ. ಅವತ್ತ ಅಡಿಗಿಮನಿ ಬಾಗ್ಲಾ ನಾನಾ ತಗದಿಟ್ಟಿದ್ದೆ. ನಿಮ್ಮತ್ತಿ ಕರದ್ಲು, ನಾ ಏಳಲಿಲ್ಲ. ಇನ್ನೊಂದಿಷ್ಟು ಕರೀಲಿ ಅಂತ ಸುಮ್ನ ಕುಂತಿದ್ದೆ."