ಮೊಮ್ಮಗಳ ಕೈಲಿ ಗದರಿಸಿಕೊಂಡಿದ್ದು

ದುಃಖವಾದರೆ ಏನು ಮಾಡಬೇಕು ಅನ್ನುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಜಗಲಿಯ ಮೇಲೆ ಕೂರುವುದು, ನಾಲ್ಕು ಜನ ಬರುವುದು, ಅತ್ತು ಕಾಫಿ ಕುಡಿದು ಹೋಗುವುದು. ಖುಷಿ ಜಾಸ್ತಿಯಾದರೆ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ದಾರಿಯಲ್ಲಿ ಹೋಗುವವರನ್ನು ನಾವೇ ಹಿಡಿದು ನಿಲ್ಲಿಸಬೇಕು. ಹೋದ ವಾರದಿಂದ ನಾನು ಅದನ್ನೇ ಮಾಡುತ್ತಿದ್ದೇನೆ. ಡೈರಿಗೆ ಹಾಲು ಹಾಕಿ ಬರುವ ಹತ್ತು ನಿಮಿಷದ ಕೆಲಸಕ್ಕೆ ಈಗ ಒಂದೂವರೆ ಗಂಟೆ ಹಿಡಿಯುತ್ತದೆ. ಊರಿನವರು ನನ್ನ ಕ್ಯಾನು ಕಂಡರೆ ಸಾಕು, ಬೇರೆ ಗಲ್ಲಿ ಹಿಡಿಯುತ್ತಾರೆ. ಹೇಳಲು ಜನ ಸಿಗದೆ ಬರೆಯಲು ಕೂತಿದ್ದೇನೆ. ಓದಿರುವುದು ಮೂರನೇ ಕ್ಲಾಸು, ಅದರಲ್ಲೂ ಅರ್ಧ ವರ್ಷ ಎಮ್ಮೆ ಕಾದವಳು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ವಿಷಯ ಇಷ್ಟೇ. ನನ್ನ ಮೊಮ್ಮಗಳು ಸಿಂಚನ ನಲವತ್ತು ಜನರ ಮುಂದೆ ನನ್ನನ್ನು ಗದರಿದಳು.

ನಮ್ಮದು ಕೋಡಿಹಳ್ಳಿ ಕಡೆಯ ಊರು, ರೇಷ್ಮೆ ಬೆಳೆಯುವ ಮನೆ. ಸಿಂಚನ ನನ್ನ ದೊಡ್ಡ ಮಗನ ಮಗಳು. ಡಿಗ್ರಿ ಮುಗಿಸಿದವಳು ಬಿಡದಿ ಹತ್ತಿರ ಏರ್ ಹೋಸ್ಟೆಸ್ ಟ್ರೈನಿಂಗಿಗೆ ಸೇರಿಕೊಂಡಳು. ವಿಮಾನ ಏರುವ ಮೊದಲು ವಿಮಾನದ ಭಾಷೆ ಕಲಿಯಬೇಕಂತೆ. ಒಂದು ನೋಟ್‌ಬುಕ್ಕಿನ ತುಂಬ ಬರೆದುಕೊಂಡಿದ್ದಳು. ವಿಮಾನದ ಅಡುಗೆ ಕೋಣೆ ಗ್ಯಾಲಿ. ಸೀಟುಗಳ ನಡುವೆ ಓಡಾಡುವ ಸಂದು ಐಲ್. ಮುಂದುಗಡೆ ಫಾರ್ವರ್ಡ್, ಹಿಂದುಗಡೆ ಆಫ್ಟ್. ಭಾನುವಾರ ಮನೆಗೆ ಬಂದರೆ ಇದನ್ನೇ ಬಾಯಿಪಾಠ ಮಾಡುತ್ತಾ ಹಟ್ಟಿಯಲ್ಲಿ ತಿರುಗುವಳು, ಸಂಜೆಗೆ ಮರೆಯುವಳು.

"ಹಿಂಗೆ ಗಾಳೀಲಿ ಓದುದ್ರೆ ನಿಂತ್ಕಳಲ್ಲ ಕಣವ್ವ, ಬಾ ಹುಳುಮನೆಗೆ" ಅಂದೆ.

ಹುಳುಮನೆ ಅಂದರೆ ರೇಷ್ಮೆ ಹುಳು ಸಾಕುವ ಮನೆ. ಉದ್ದನೆಯ ಕೋಣೆ, ಎರಡೂ ಕಡೆ ಅಟ್ಟಣಿಗೆ, ಅಟ್ಟಣಿಗೆಯ ತುಂಬ ಹುಳು, ನಡುವೆ ಒಬ್ಬರು ಓಡಾಡುವಷ್ಟು ಸಂದು. ನೋಡಿದವಳೇ ಸಿಂಚನ ಬಾಯಿ ಬಿಟ್ಟುಕೊಂಡು ನಿಂತಳು. ಅವಳು ಕೂಸಾಗಿದ್ದಾಗಿನಿಂದ ಓಡಾಡಿದ ಜಾಗ ಏಕಾಏಕಿ ವಿಮಾನವಾಗಿಬಿಟ್ಟಿತ್ತು. ಸೊಪ್ಪು ಕತ್ತರಿಸುವ ಮೂಲೆ ಗ್ಯಾಲಿ ಆಯಿತು. ಸೊಪ್ಪಿನ ಮಂಕರಿ ಟ್ರಾಲಿ. ವಿಮಾನದ ಬಾಗಿಲು ಹಾಕಿದ ಮೇಲೆ ಈ ಬಾಗಿಲವಳು ಆ ಬಾಗಿಲನ್ನೂ ಆ ಬಾಗಿಲವಳು ಈ ಬಾಗಿಲನ್ನೂ ನೋಡಬೇಕಂತೆ, ಅದು ಕ್ರಾಸ್ ಚೆಕ್. ಹುಳು ಕೊಲ್ಲುವ ಊಜಿ ನೊಣ ನುಗ್ಗದಂತೆ ನಾನೂ ನನ್ನ ಸೊಸೆಯೂ ಇಪ್ಪತ್ತು ವರ್ಷದಿಂದ ಮಾಡುತ್ತಿರುವುದು ಅದನ್ನೇ. ಸೊಸೆ ಹಾಕಿದ ಬಾಗಿಲನ್ನು ನಾನು ಮತ್ತೆ ನೋಡಿದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಕ್ರಾಸ್ ಚೆಕ್ ಅಂತ ಹೆಸರು ಬಂದ ಮೇಲೆ ಬರುತ್ತಿಲ್ಲ.

"ಡೆಡ್‌ಹೆಡ್ ಅಂತ ಒಂದೈತೆ ಕಣಜ್ಜಿ" ಅಂದಳು. "ಅವ್ರೂ ಕೆಲಸದೋರೆ, ಯೂನಿಫಾರಂ ಹಾಕಿರ್ತಾರೆ. ಆದ್ರೆ ಆ ವಿಮಾನದಲ್ಲಿ ಏನೂ ಕೆಲ್ಸ ಮಾಡಲ್ಲ. ಸುಮ್ನೆ ಕೂತ್ಕಂಡು ಹೋಯ್ತಾರೆ."

ನಾನು ಬಾಗಿಲ ಕಡೆ ನೋಡಿದೆ. ನಮ್ಮ ಯಜಮಾನರು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಸೊಪ್ಪು ಕೊಯ್ಯಲು ಹೊರಟವರ ಹಾಗೇ ಸಿದ್ಧವಾಗಿ, ಬೆಳಗಿನಿಂದ ಕಲ್ಲಿನ ಮೇಲೆ ಕೂತಿದ್ದರು. "ಬರ್ಕೊಬೇಡ ಬುಡು" ಅಂದೆ, "ಇದು ಮರೆಯಲ್ಲ."

ಮಾತುಗಳೆಲ್ಲ ಹೀಗೆ ಬಂದವು. ಬಾರದೆ ಉಳಿದಿದ್ದು ಒಂದು, ಅದೇ ಕುತ್ತಿಗೆಗೆ ಬಂತು. ವಿಮಾನ ಕುಲುಕಾಡುವುದಕ್ಕೆ ಟರ್ಬುಲೆನ್ಸ್ ಅನ್ನುತ್ತಾರೆ. ಆಗ ಯಾರಾದರೂ ಎದ್ದು ಓಡಾಡಿದರೆ ಗದರಿ ಕೂರಿಸಬೇಕು, ಅವರು ಎಷ್ಟು ದೊಡ್ಡವರಾಗಲಿ. ಮಾತು ಕೇಳದವರಿಗೆ ಅನ್‌ರೂಲಿ ಪ್ಯಾಸೆಂಜರ್ ಅಂತ ಹೆಸರು. ಮೊದಲನೆ ಪರೀಕ್ಷೆಯಲ್ಲಿ ತಲೆ ನೆರೆತ ಮೇಷ್ಟ್ರೊಬ್ಬರು ಅಂಥ ಪ್ಯಾಸೆಂಜರಾಗಿ ಎದ್ದು ನಿಂತರಂತೆ. ನಮ್ಮ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, "ಸಾರ್, ಒಸಿ ಕೂತ್ಕತೀರಾ?" ಅಂದಳಂತೆ. ಮೇಷ್ಟ್ರು ಕೂರಲಿಲ್ಲ. ಇವಳೂ ಪಕ್ಕದಲ್ಲಿ ನಿಂತುಕೊಂಡಳು, ದೊಡ್ಡವರು ನಿಂತಿರುವಾಗ ಹೇಗೆ ಕೂರುವುದು ಅಂತ. ಫೇಲು.

ಇನ್ನೊಂದು ಸಲ ಫೇಲಾದರೆ ಸರ್ಟಿಫಿಕೇಟು ಇಲ್ಲ ಅಂದರು ಅಲ್ಲಿಯ ಮೇಡಮ್ಮು. ಇಲ್ಲಿ ಅವಳಪ್ಪ, "ಫೇಲಾದ್ರೆ ವಿಮಾನ ಗಿಮಾನ ಏನಿಲ್ಲ. ಗಾರ್ಮೆಂಟ್ಸ್ ವ್ಯಾನು ಬಾಗ್ಲಿಗೇ ಬತ್ತದೆ, ಹತ್ಕೊಂಡು ಹೋಗು" ಅಂದ. ಹುಡುಗಿ ಎರಡು ದಿನ ಮುದ್ದೆ ಮುಟ್ಟಲಿಲ್ಲ.

ಅಭ್ಯಾಸಕ್ಕೆ ನಾನೇ ಮೊಂಡು ಪ್ಯಾಸೆಂಜರಾಗಿ ನಿಂತೆ. "ಗದರು" ಅಂದೆ. "ಅಜ್ಜೀ…" ಅಂದು ನಕ್ಕುಬಿಟ್ಟಳು. "ನಿಂಗೆ ಹೆಂಗಜ್ಜಿ ಗದರ್ಲಿ?" ತಾತನಿಗೆ ಗದರು ಅಂದರೆ ಅವರು ಮೊದಲೇ ಕೂತಿದ್ದಾರೆ. ಕೊನೆಗೆ ಹುಳುಗಳಿಗೆ ಗದರಿದಳು. ಆಗ ಹುಳು ಮೂರನೇ ಜ್ವರದಲ್ಲಿದ್ದವು. ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತವೆ, ಅದಕ್ಕೆ ನಾವು ಜ್ವರ ಅನ್ನುತ್ತೇವೆ. "ಎಲ್ಲಾ ಕೂತ್ಕೊಳಿ" ಅಂದಳು. ಅಷ್ಟು ಸಾವಿರ ಹುಳು ತಲೆ ಎತ್ತಿಕೊಂಡು ಮಿಸುಕಾಡದೆ ಕೂತಿದ್ದವು. ಅಂಥ ಒಳ್ಳೆಯ ಪ್ಯಾಸೆಂಜರುಗಳು ಯಾವ ವಿಮಾನಕ್ಕೂ ಸಿಗಲಿಕ್ಕಿಲ್ಲ.

ಎರಡನೇ ಪರೀಕ್ಷೆಗೆ ಪ್ಯಾಸೆಂಜರಾಗಿ ಕೂರಲು ಮನೆಯವರನ್ನೇ ಕರೆದಿದ್ದರು. ಯಜಮಾನರೂ ನಾನೂ ಎರಡು ಬಸ್ಸು ಬದಲಾಯಿಸಿ ಹೋದೆವು. ರೆಕ್ಕೆ ಇಲ್ಲದ ವಿಮಾನ, ಹಾಲ್ ಒಳಗೇ ನಿಲ್ಲಿಸಿದ್ದರು. ಸಿಂಚನ ಸೀರೆಯುಟ್ಟು, ತುರುಬು ಕಟ್ಟಿ, ಯಾರ ಮನೆ ಮಗಳೋ ಅನ್ನುವ ಹಾಗೆ ನಿಂತಿದ್ದಳು. ಮೇಡಮ್ಮು ಪೆನ್ನು ಹಿಡಿದು ಮೂಲೆಯಲ್ಲಿ ನಿಂತಿದ್ದರು. ಟ್ರಾಲಿ ಬಂತು, ಎಲ್ಲರಿಗೂ ಕಾಫಿ ಕೊಟ್ಟಳು. ಆಮೇಲೆ ಟಣ್ ಅಂತ ಶಬ್ದವಾಯಿತು, ದೀಪ ಹತ್ತಿತು, ಟರ್ಬುಲೆನ್ಸ್ ಅಂದರು, ಬೆಲ್ಟ್ ಹಾಕಿಕೊಳ್ಳಿ ಅಂದರು.

ನಿಜ ಹೇಳುತ್ತೇನೆ. ನಾನು ಯಾರ ಮನೆಗೆ ಹೋದರೂ ಕುಡಿದ ಲೋಟ ಅಲ್ಲೇ ಇಟ್ಟು ಎದ್ದವಳಲ್ಲ. ಬೀಗರ ಮನೆಯಲ್ಲೂ ನಾನೇ ತೊಳೆದಿಟ್ಟಿದ್ದೇನೆ. ಇಲ್ಲಿ ನಲವತ್ತು ಜನರ ಲೋಟ, ನಮ್ಮ ಹುಡುಗಿ ಒಬ್ಬಳು. ಟರ್ಬುಲೆನ್ಸ್ ಅನ್ನುವ ಮಾತು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮೈಗೆ ಗೊತ್ತಿರಲಿಲ್ಲ. ಯಜಮಾನರದ್ದೂ ನನ್ನದೂ ಎರಡು ಲೋಟ ಹಿಡಿದು, ಪಕ್ಕದವರದ್ದೂ ಇಸಕೊಂಡು, ಐಲಿನಲ್ಲಿ ನಡೆದು ಗ್ಯಾಲಿಗೆ ಹೋಗಿ ನಲ್ಲಿ ಹುಡುಕತೊಡಗಿದೆ.

"ಅಜ್ಜಿ, ಬಾ, ಕೂತ್ಕೊ" ಅಂದಳು ಸಿಂಚನ, ಮೆಲ್ಲಗೆ. ಮೇಡಮ್ಮಿನ ಪೆನ್ನು ಏನೋ ಗೀಚಿತು.

"ತಡಿಯವ್ವ, ನಾಕು ಲೋಟ ಅಷ್ಟೇಯ. ನೀರೆಲ್ಲಿ ಬತ್ತದೆ ಹೇಳು" ಅಂದೆ.

ಹುಡುಗಿ ಹತ್ತಿರ ಬಂದಳು. ಒಂದು ಸಲ ಪೆನ್ನಿನ ಕಡೆ ನೋಡಿದಳು, ಒಂದು ಸಲ ನನ್ನ ಕೈಯ ಲೋಟದ ಕಡೆ. ಆಮೇಲೆ ಬಂದ ದನಿ ನಮ್ಮ ಮನೆಯದಲ್ಲ.

"ಮೇಡಂ, ಲೋಟ ಕೆಳಗಿಡಿ. ಈಗ್ಲೇ ಕೂತ್ಕೊಳಿ."

ನನ್ನನ್ನು ಹುಟ್ಟಿದಾಗಿನಿಂದ ಯಾರೂ ಮೇಡಂ ಅಂದಿರಲಿಲ್ಲ. ಕಾಲು ತಾನಾಗಿ ಮಡಚಿಕೊಂಡಿತು. ಪಕ್ಕದಲ್ಲೇ ಗೋಡೆಗೆ ಒಂದು ಪುಟ್ಟ ಸೀಟಿತ್ತು, ಕೆಳಗೆಳೆದು ಕೂತೆ.

"ಅದು ಜಂಪ್ ಸೀಟ್. ಸಿಬ್ಬಂದಿಗೆ ಮಾತ್ರ. ಏಳಿ ಮೇಡಂ, ನಿಮ್ಮ ಸೀಟಿಗೆ ಹೋಗಿ, ಬೆಲ್ಟ್ ಹಾಕೊಳಿ."

ಎದ್ದೆ. ನನ್ನ ಹಿಂದೆ ಆ ಸೀಟು ಪಟಾರನೆ ಗೋಡೆಗೆ ಮುಚ್ಚಿಕೊಂಡಿತು. ನಾನು ಬಂದು ಬೆಲ್ಟ್ ಬಿಗಿದುಕೊಂಡು ತಲೆ ಎತ್ತಿ ಕೂತೆ, ನಮ್ಮ ಹುಳುಗಳ ಹಾಗೆ. ಯಜಮಾನರು ಕಿವಿಯಲ್ಲಿ, "ಸರಿಯಾಗಿ ಮಾಡುದ್ಲು ನೋಡು. ನಲ್ವತ್ತೈದು ವರ್ಸದಿಂದ ನಂಗೆ ಆಗ್ಲಿಲ್ಲ" ಅಂದರು.

ಪಾಸು. ಹಾಲ್ ಹೊರಗೆ ಬಂದ ಮೇಲೆ ಸಿಂಚನ ನನ್ನ ಕಾಲು ಹಿಡಿದುಕೊಂಡು ಅತ್ತಳು. ನಾನೂ ಅತ್ತೆ, ಅವಳು ಗದರಿದ್ದಕ್ಕಲ್ಲ, ಇನ್ನೊಂದು ಸಲ ಗದರಲಿ ಅಂತ. ಅಷ್ಟರಲ್ಲಿ ಮೇಡಮ್ಮು ಬಂದು ನನ್ನ ಕೈ ಕುಲುಕಿ, "ಎಷ್ಟು ಸಹಜವಾಗಿ ಆಕ್ಟ್ ಮಾಡಿದ್ರಿ ಅಮ್ಮ, ಮೊಮ್ಮಗಳಿಗೆ ಧೈರ್ಯ ಬರಲಿ ಅಂತಲೇ ಮಾಡಿದ್ದು ಅಲ್ವಾ?" ಅಂದರು.

ಅಲ್ಲ ಅನ್ನಬೇಕಾಗಿತ್ತು. ನಾನು ಸೆರಗು ಸರಿಮಾಡಿಕೊಂಡೆ. "ಇನ್ನೇನ್ ಮಾಡದು ಮೇಡಂ, ಮಕ್ಳು ಉದ್ಧಾರ ಆಗ್ಬೇಕಲ್ಲ" ಅಂದೆ.

ಆ ಸುಳ್ಳನ್ನೇ ಊರಿಗೂ ಹೇಳಿದ್ದೇನೆ, ಡೈರಿಯಲ್ಲಿ ದಿನಾ ಒಸಿ ಸೇರಿಸಿ ಹೇಳುತ್ತಿದ್ದೇನೆ. ಈಗ ಟ್ರೈನಿಂಗಿನವರು ಫೋನು ಮಾಡಿದ್ದಾರೆ. ಮುಂದಿನ ಬ್ಯಾಚಿನ ಪರೀಕ್ಷೆಗೂ ಅನ್‌ರೂಲಿ ಪ್ಯಾಸೆಂಜರ್ ನೀವೇ ಆಗಬೇಕು ಅಂತ. ನಾಲ್ಕು ದಿನದಿಂದ ಹುಳುಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಎದ್ದು ನಿಲ್ಲುತ್ತೇನೆ, ಸೊಸೆ ಬಾಗಿಲಿನಿಂದ "ಮೇಡಂ, ಕೂತ್ಕೊಳಿ" ಅನ್ನುತ್ತಾಳೆ. ಮೊಂಡು ಹಿಡಿಯಬೇಕು ಅಂತ ಎಷ್ಟು ಗಟ್ಟಿ ಮನಸ್ಸು ಮಾಡಿದರೂ, ಮೇಡಂ ಅಂದ ತಕ್ಷಣ ಪಟ್ಟನೆ ಕೂತುಬಿಡುತ್ತೇನೆ.