ಆಲ್ಡರ್ ಸೇತುವೆಯ ಮೇಲಿನ ನಡುಕವನ್ನು ವಂದನೆಯೆಂದು ಪರಿಗಣಿಸುವ ಕುರಿತು

ಲಾರ್ಕಿನ್ ಕೌಂಟಿಯ ರಸ್ತೆಗಳಲ್ಲಿ ಎದುರಿಗೆ ಬರುವ ಗಾಡಿಗೆ ಸ್ಟಿಯರಿಂಗ್ ಮೇಲಿಂದ ಒಂದು ಬೆರಳನ್ನಾದರೂ ಎತ್ತದೆ ಹೋಗುವವರು ಒಂದೋ ಹೊರಗಿನವರು, ಇಲ್ಲವೇ ಸತ್ತವರು. ಇದು ಎಲ್ಲೂ ಬರೆದಿಟ್ಟ ಕಾಯಿದೆಯಲ್ಲ. ಬರೆದಿಟ್ಟ ಕಾಯಿದೆಗಳನ್ನು ಮೊಂಟಾನಾದ ಈ ಮೂಲೆಯಲ್ಲಿ ಯಾರೂ ಅಷ್ಟು ಕಟ್ಟುನಿಟ್ಟಾಗಿ ಪಾಲಿಸುವುದೂ ಇಲ್ಲ. ತೋರುಬೆರಳು ಎದ್ದರೆ ‘ನೋಡಿದೆ’ ಎಂದರ್ಥ. ಎರಡು ಬೆರಳು ಎದ್ದರೆ ‘ಮನೆಯವರೆಲ್ಲ ಕ್ಷೇಮವಷ್ಟೆ’ ಎಂದರ್ಥ. ಇಡೀ ಅಂಗೈ ಎದ್ದರೆ ಎತ್ತಿದವನು ನವೆಂಬರ್ ಚುನಾವಣೆಗೆ ನಿಂತಿದ್ದಾನೆ ಎಂದರ್ಥ.

ನಮ್ಮ ಕೌಂಟಿಯ ಪಿಕಪ್‌ಗಳ ಬಗ್ಗೆ ಹೊರಗಿನ ಪತ್ರಿಕೆಗಳು ಏನೇನೋ ಬರೆದು ನಗಾಡಿರುವುದರಿಂದ ಈ ಪೀಠಿಕೆ ಅಗತ್ಯವಾಯಿತು. ಮೂವತ್ತೊಂದು ವರ್ಷದಿಂದ ನಾನು ಇಲ್ಲಿ ಗಾಡಿಯ ಬಿಡಿಭಾಗಗಳ ಅಂಗಡಿ ಇಟ್ಟಿದ್ದೇನೆ. ನಡೆದದ್ದು ನಗುವಂಥದ್ದೇನಲ್ಲ. ಪ್ರತಿಯೊಂದೂ ಸಭೆಯಲ್ಲಿ ಮಂಡನೆಯಾಗಿ, ಅನುಮೋದನೆಯಾಗಿ, ಆಮೇಲೇ ನಡೆದದ್ದು.

ಕೌಂಟಿ ಆಡಳಿತವು ಹೋದ ವಸಂತದಲ್ಲಿ ಒಂದೇ ಕಂಪನಿಯ ಹನ್ನೊಂದು ಪಿಕಪ್‌ಗಳನ್ನು ಕೊಂಡಿತು. ಹೊಸವಲ್ಲ, ನಾಲ್ಕು ವರ್ಷ ಎಣ್ಣೆಬಾವಿಗಳ ದಾರಿಯಲ್ಲಿ ಓಡಿ ಪಳಗಿದವು. ಅವು ಗಿಡ್ಡವಾಗಿ ಕಾಣುತ್ತವೆ ಎಂದು ಆಯುಕ್ತರ ಮಂಡಳಿಯ ಅಧ್ಯಕ್ಷ ಆರ್ವಿಡ್ ಸ್ಕೋಗನ್ ಅಭಿಪ್ರಾಯಪಟ್ಟದ್ದರಿಂದ ಎಲ್ಲವನ್ನೂ ಆರು ಅಂಗುಲ ಎತ್ತರಿಸಿ, ಮುಂಚಿನದಕ್ಕಿಂತ ಒಂದೂವರೆ ಪಟ್ಟು ದಪ್ಪದ ಟೈರು ಹಾಕಿಸಲಾಯಿತು. ಎತ್ತರಿಸುವ ಸಾಮಾನೂ ಟೈರುಗಳೂ ನನ್ನ ಅಂಗಡಿಯಿಂದಲೇ ಹೋದವು. ಬೇಡವೆಂದು ಹೇಳಬಹುದಿತ್ತು. ಆದರೆ ಗಿರಾಕಿಗೆ ಬುದ್ಧಿ ಹೇಳುವವನು ಮೇಷ್ಟ್ರಾಗಬೇಕು, ಅಂಗಡಿ ಇಡಬಾರದು.

ಇಂಥ ಪಿಕಪ್‌ನ ಮುಂದಿನ ಎರಡು ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಹಿಡಿದಿರುತ್ತದೆ. ಆ ಆಕ್ಸಲ್ ಎಡಕ್ಕೂ ಬಲಕ್ಕೂ ಸರಿಯದಂತೆ ಒಂದು ಅಡ್ಡ ರಾಡು ಹಿಡಿದಿರುತ್ತದೆ. ಆ ರಾಡಿನ ತುದಿಯಲ್ಲಿ, ಬೋಲ್ಟಿನ ಸುತ್ತ ಬಳೆಯಂತೆ ಕೂರುವ ಒಂದು ರಬ್ಬರ್ ಬುಷ್. ಅಷ್ಟು ದೊಡ್ಡ ಗಾಡಿಯ ಮರ್ಯಾದೆ ನಿಂತಿರುವುದು ಮುಷ್ಟಿಯಲ್ಲಿ ಮುಚ್ಚಿಡಬಹುದಾದ ಆ ರಬ್ಬರಿನ ಮೇಲೆ. ಅದು ಸವೆದಿದ್ದು, ಗಾಡಿ ಐವತ್ತು ಮೈಲಿ ವೇಗದಲ್ಲಿ ಒಂದು ಸಣ್ಣ ಉಬ್ಬಿಗೆ ಕುಕ್ಕಿದರೆ ಸಾಕು, ಮುಂದಿನ ಚಕ್ರಗಳು ಎಡಬಲಕ್ಕೆ ಒದ್ದಾಡತೊಡಗುತ್ತವೆ. ತಾವಾಗಿ ನಿಲ್ಲುವುದಿಲ್ಲ. ಸ್ಟಿಯರಿಂಗ್ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಎರಡೂ ಕೈಯಲ್ಲಿ ಅವುಚಿ ಹಿಡಿದು, ಹಲ್ಲು ಕಚ್ಚಿ, ವೇಗ ಪೂರ್ತಿ ಇಳಿಯುವವರೆಗೆ ತನಗೆ ಗೊತ್ತಿರುವ ದೇವರನ್ನು ನೆನೆಯುತ್ತಿರಬೇಕು. ಆಲ್ಡರ್ ಹೊಳೆಯ ಸೇತುವೆ ಶುರುವಾಗುವಲ್ಲಿ ಅಂಥದೊಂದು ಉಬ್ಬಿದೆ. ಹನ್ನೊಂದರಲ್ಲಿ ಹನ್ನೊಂದೂ ಅಲ್ಲಿ ನಡುಗಿದವು.

ಕೌಂಟಿಯ ಸಂಚಾರಿ ನರ್ಸ್ ರೋವೀನಾ ಬ್ಯಾಕ್‌ಲಂಡ್ ದಿನಕ್ಕೆರಡು ಸಲ ಆ ಸೇತುವೆ ದಾಟುವವಳು. ಹೊಳೆಯಾಚೆ ಹದಿನಾಲ್ಕು ಮನೆಗಳಲ್ಲಿ ಅವಳ ರೋಗಿಗಳಿದ್ದಾರೆ. ಅವರಲ್ಲಿ ಕಣ್ಣು ಕಾಣದ ಹಾಲ್ವರ್ ಅಜ್ಜನಿಗೆ ಬೆಳಿಗ್ಗೆ ಸಂಜೆ ಇನ್ಸುಲಿನ್ ಚುಚ್ಚಲು ಅವಳ ಹೊರತು ಯಾರೂ ಇಲ್ಲ. ಜೂನ್ ತಿಂಗಳ ಒಂದು ಬೆಳಿಗ್ಗೆ, ಆ ಹನ್ನೊಂದರಲ್ಲಿ ಅವಳ ಪಾಲಿಗೆ ಬಂದಿದ್ದ ಪಿಕಪ್ ಸೇತುವೆಯ ಮೇಲೆ ನಡುಗುತ್ತಿದ್ದಾಗ ಎದುರಿನಿಂದ ತಮ್ಮ ಸ್ವಂತ ಗಾಡಿಯಲ್ಲಿ ಬಂದವರು ಅಧ್ಯಕ್ಷ ಸ್ಕೋಗನ್. ಎರಡು ಬೆರಳು ಎತ್ತಿದರು. ರೋವೀನಾಳ ಕಡೆಯಿಂದ ಒಂದೂ ಏಳಲಿಲ್ಲ.

ಚುನಾವಣೆಗೆ ಐದು ತಿಂಗಳಿರುವಾಗ ಇದನ್ನು ಸಣ್ಣ ವಿಷಯ ಎನ್ನಲಾಗದು. ಬ್ಯಾಕ್‌ಲಂಡ್ ಕುಟುಂಬದ ಕವಲುಗಳೆಲ್ಲ ಸೇರಿ ಮೂವತ್ತು ವೋಟಿವೆ. ಸ್ಕೋಗನ್ ವಾರವಿಡೀ ಊಟ ರುಚಿಸದೆ ಓಡಾಡಿ, ಮುಂದಿನ ಸಭೆಯಲ್ಲಿ ವಿಷಯವನ್ನು ಕಲಾಪದ ಮೊದಲ ಬಾಬಾಗಿ ತಂದರು.

“ನಾನು ಎರಡು ಬೆರಳು ಎತ್ತಿದೆ ಕಣಮ್ಮ. ಎರಡು. ನೀನು ನನ್ನ ಮುಖ ನೋಡಿ ಹಲ್ಲು ಕಿರಿದೆ.”

“ಕಿರೀಲಿಲ್ಲ ಆರ್ವಿಡ್, ಕಚ್ಚಿಕೊಂಡಿದ್ದೆ. ಗಾಡಿ ಹಾಗೆ ಕುಣೀತಿದ್ರೆ ನಾಲಿಗೆ ಉಳಿಸಿಕೊಳ್ಳೋದು ಬೇಡ್ವಾ?”

“ಒಂದು ಬೆರಳು ಎತ್ತೋಕೆ ಎಷ್ಟು ಹೊತ್ತಾಗುತ್ತೆ?”

“ಎತ್ತಿದ್ರೆ ಇವತ್ತು ನೀನೂ ನಾನೂ ಹೊಳೆಯೊಳಗೆ ಕೂತು ಮೀನಿಗೆ ಕೈ ಮಾಡ್ತಿದ್ವಿ.”

ಕೌಂಟಿಯ ಮೆಕ್ಯಾನಿಕ್ ಮೈಲೊ ಪ್ರೊಚಾಸ್ಕಾ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಅವನು ಎದ್ದು ನಿಂತು, ಒಂದು ಬುಷ್, ಒಂದು ಬೋಲ್ಟು, ಅರ್ಧ ಗಂಟೆಯ ಕೆಲಸ, ಗಾಡಿಯನ್ನು ಹಳೆಯ ಎತ್ತರಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎಂದ. ಅವನ ಮಾತನ್ನು ನಡಾವಳಿಯಲ್ಲಿ ‘ಸಾರ್ವಜನಿಕರ ಭಾವನೆಗಳು’ ಎಂಬ ಶೀರ್ಷಿಕೆಯಡಿ ದಾಖಲಿಸಲಾಯಿತು.

ದುರಸ್ತಿಗೆ ತೊಡಕಿದ್ದದ್ದು ನಿಯಮದಲ್ಲಿ. ನಿಯಮದ ಪ್ರಕಾರ ದೋಷವಿದ್ದರೆ ಮಾತ್ರ ದುರಸ್ತಿ. ದೋಷವಿದೆಯೇ ಎಂದು ಹೇಳಬೇಕಾದವರು ಗಾಡಿ ತಯಾರಿಸಿದವರು. ಅವರಿಗೆ ಬರೆಯಲಾಯಿತು. ಆರು ವಾರದ ಮೇಲೆ ಒಳ್ಳೆಯ ಕಾಗದದಲ್ಲಿ ಉತ್ತರ ಬಂತು: “ತಾವು ನಡುಕವೆಂದು ಕರೆದಿರುವುದು ವಾಹನವು ರಸ್ತೆಯೊಡನೆ ನಡೆಸುವ ಸಂವಾದವಾಗಿರುತ್ತದೆ. ಸಂವಾದದಲ್ಲಿ ಆಸಕ್ತಿಯಿಲ್ಲದ ಗ್ರಾಹಕರು ವೇಗವನ್ನು ಕ್ರಮೇಣ ತಗ್ಗಿಸಿ ಅದನ್ನು ಮುಕ್ತಾಯಗೊಳಿಸಬಹುದು. ನಮ್ಮ ಯಾವ ವಾಹನವೂ ನಡುಗುವುದಿಲ್ಲ.”

ಹಾಗಾದರೆ ನಾವೇ ಬುಷ್ ಬದಲಿಸೋಣವೇ ಎಂದು ಒಬ್ಬ ಆಯುಕ್ತರು ಕೇಳಿದ್ದುಂಟು. ಕೌಂಟಿಯ ವಕೀಲರು ಕೂಡದು ಎಂದರು. ಬದಲಿಸಿದರೆ ನಡುಕದ ವಿಷಯ ನಮಗೆ ಗೊತ್ತಿತ್ತು ಎಂದಾಗುತ್ತದೆ. ಗೊತ್ತಿತ್ತು ಎಂದಾದರೆ ಗೊತ್ತಿದ್ದೂ ಓಡಿಸಿದಿರಿ ಎಂದಾಗುತ್ತದೆ. ಗೊತ್ತಿಲ್ಲದವರ ಮೇಲೆ ಮಾತ್ರ ಯಾರೂ ದಾವೆ ಹೂಡಲಾರರು. ಆದ್ದರಿಂದ ಕೌಂಟಿಗೆ ಗೊತ್ತಿಲ್ಲ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು.

ಇನ್ನು ಉಳಿದದ್ದು ವಂದನೆಯ ಪ್ರಶ್ನೆ. ಅದಕ್ಕೊಂದು ಉಪಸಮಿತಿ ರಚನೆಯಾಯಿತು. ಯಾವ ಹಿತಾಸಕ್ತಿಯೂ ಇಲ್ಲದ ನಾಗರಿಕನೆಂಬ ನೆಲೆಯಲ್ಲಿ ನನ್ನನ್ನೂ ಸೇರಿಸಿಕೊಂಡರು. ನಾಲ್ಕು ಸಲ ಸೇರಿದೆವು. ತಿನ್ನಲು ಕೊಟ್ಟ ರೂಬಾರ್ಬ್ ಪೈ ಚೆನ್ನಾಗಿತ್ತು. ಆಗಸ್ಟಿನಲ್ಲಿ ಹೊರಬಿದ್ದ ನಿರ್ಣಯ ಹೀಗಿತ್ತು:

“ಆಲ್ಡರ್ ಸೇತುವೆಯ ಮೇಲೆ ಯಾವುದೇ ವಾಹನದ ಮುಂಭಾಗವು ಅಲುಗಾಡಿದಲ್ಲಿ, ಸದರಿ ಅಲುಗಾಟವನ್ನು ಚಾಲಕರು ಸಲ್ಲಿಸಿದ ವಂದನೆಯೆಂದು ಪರಿಗಣಿಸತಕ್ಕದ್ದು. ಐದು ಸೆಕೆಂಡುಗಳವರೆಗಿನ ಅಲುಗಾಟವು ಒಂದು ಬೆರಳಿಗೂ, ಅದಕ್ಕೆ ಮೇಲ್ಪಟ್ಟದ್ದು ಎರಡು ಬೆರಳಿಗೂ ಸಮ. ಗೊಂದಲ ತಪ್ಪಿಸುವ ಸಲುವಾಗಿ, ಸೇತುವೆಯ ಮೇಲೆ ಬೆರಳಿನ ಬಳಕೆಯನ್ನು ಈ ಮೂಲಕ ನಿಲ್ಲಿಸಲಾಗಿದೆ.”

ನಿರ್ಣಯ ಬಂದ ಎರಡು ವಾರ ಊರು ತಣ್ಣಗಿತ್ತು. ಆಮೇಲೆ, ಗಾಡಿ ನಡುಗದವರಿಗೆ ಕಷ್ಟ ಶುರುವಾಯಿತು. ಹೊಸ ಪಿಕಪ್ ಕೊಂಡಿದ್ದ ಒಬ್ಬ ರೈತ ಸೇತುವೆಯ ಮೇಲೆ ನುಣ್ಣಗೆ ಹಾದುಹೋದನಂತೆ. ಅವನಿಗೆ ಸೊಕ್ಕು ಬಂದಿದೆ ಎಂದು ಸಂಜೆಯೊಳಗೆ ಊರೆಲ್ಲ ಮಾತಾಯಿತು. ಚರ್ಚಿನಲ್ಲಿ ಅವನ ಪಕ್ಕದ ಬೆಂಚು ಖಾಲಿ ಬಿದ್ದಿತು. ಮಾರನೆಯ ದಿನ ಅವನು ನನ್ನ ಅಂಗಡಿಗೆ ಬಂದು, ಕೆಮ್ಮಿ, ಟೋಪಿ ತಿರುಗಿಸುತ್ತ ನಿಂತು, ಹಳೆಯ ಬುಷ್ ಏನಾದರೂ ಇದೆಯೇ ಎಂದು ಕೇಳಿದ.

ಇತ್ತು. ಗುಜರಿಯವನು ಬರಲಿ ಎಂದು ಒಂದು ಪೀಪಾಯಿ ತುಂಬ ಸವೆದ ಬುಷ್‌ಗಳನ್ನು ಹಿತ್ತಲಲ್ಲಿ ಇಟ್ಟಿದ್ದೆ. ಹೊಸದಕ್ಕೆ ಹದಿನೆಂಟು ಡಾಲರ್, ಸವೆದದ್ದಕ್ಕೆ ಇಪ್ಪತ್ತಾರು ಎಂದೆ. ಅವನು ಹುಬ್ಬೇರಿಸಿದ್ದಕ್ಕೆ, ಹೊಸದನ್ನು ಕಾರ್ಖಾನೆಯಲ್ಲಿ ನಿಮಿಷಕ್ಕೊಂದು ಮಾಡುತ್ತಾರೆ, ಹೀಗೆ ಸವೆಯಬೇಕಾದರೆ ನಲವತ್ತು ಸಾವಿರ ಮೈಲಿ ಬೇಕು ಎಂದು ವಿವರಿಸಿದೆ. ಅವನಿಗೆ ಅದು ನ್ಯಾಯವಾಗಿಯೇ ಕಂಡಿತು. ಸೆಪ್ಟೆಂಬರ್ ಮೊದಲ ವಾರದ ಲೇಬರ್ ಡೇ ಹೊತ್ತಿಗೆ ಪೀಪಾಯಿಯ ತಳ ಕಂಡಿತು. ಅಧ್ಯಕ್ಷ ಸ್ಕೋಗನ್ ಮಾತ್ರ ತಮ್ಮ ಗಾಡಿಗೆ ಎರಡು ಕೊಂಡರು. ಪದವಿಗೆ ತಕ್ಕಷ್ಟು ನಡುಗಬೇಡವೇ?

ರೋವೀನಾಳ ಸ್ಥಿತಿ ಬೇರೆ. ಸೆಪ್ಟೆಂಬರಿನಲ್ಲಿ ಅವಳ ಗಾಡಿ ನಡುಗುತ್ತ ನಡುಗುತ್ತ ಪಕ್ಕದ ಕಂಬಿಗೆ ಉಜ್ಜಿತು, ಅದರ ಕನ್ನಡಿ ಕಳಚಿ ಹೊಳೆಗೆ ಬಿತ್ತು. ಡಬ್ಬಿಯಲ್ಲಿದ್ದ ಇನ್ಸುಲಿನ್ ಬಾಟಲಿ ಒಡೆಯಿತು. ಹಾಲ್ವರ್ ಅಜ್ಜನಿಗೆ ಬೆಳಗಿನ ಚುಚ್ಚುಮದ್ದು ಹೋಗುವಾಗ ಮಧ್ಯಾಹ್ನ ದಾಟಿತ್ತು, ಅಜ್ಜ ಕುರ್ಚಿಯಲ್ಲಿ ಅರ್ಧ ವಾಲಿದ್ದ. ಎದುರಿಗೆ ಬಂದವರು ಮಾತ್ರ ರೋವೀನಾ ಅಂದು ತುಂಬ ಆದರದಿಂದ ವಂದಿಸಿದಳು ಎಂದು ಹೇಳಿಕೊಂಡರು.

ಅಂದು ಸಂಜೆಯೇ ಅವಳು ಅಂಗಡಿಗೆ ಬಂದು ಗಲ್ಲಾಪೆಟ್ಟಿಗೆಯ ಮೇಲೆ ಎರಡೂ ಕೈಯೂರಿ ನಿಂತಳು.

“ಒಂದು ಬುಷ್ ಕೊಡು.”

“ಹಳೇದು ಮುಗಿದುಹೋಯ್ತಲ್ಲ ತಾಯಿ.”

“ಹಳೇದು ಯಾರಿಗೆ ಬೇಕು? ಹೊಸದು ಕೊಡು. ಕೌಂಟಿ ಕೊಡೋದು ಬೇಡ, ನಾನೇ ಕೊಡ್ತೀನಿ. ನೀನು ಯಾರಿಗೂ ಹೇಳಬೇಡ.”

“ಉಪಸಮಿತಿ ಸದಸ್ಯನಾಗಿ ನಾನು ಇದನ್ನ ಕೇಳಿಸಿಕೊಂಡಿಲ್ಲ.”

“ವ್ಯಾಪಾರಿಯಾಗಿ?”

“ವ್ಯಾಪಾರಿಯಾಗಿ ಹದಿನೆಂಟು ಡಾಲರ್.”

ಮೈಲೊ ಅರ್ಧ ಗಂಟೆಯಲ್ಲಿ ಬುಷ್ ಹಾಕಿದ. ಕೆಲಸ ಮುಗಿಸಿ ಬಂಪರಿಗೆ ಒರಗಿಕೊಂಡು, ಇಷ್ಟೇ ಇದ್ದದ್ದು, ಇಷ್ಟೇ, ಎಂದು ತನ್ನಷ್ಟಕ್ಕೆ ಎರಡು ಸಲ ಹೇಳಿಕೊಂಡನಂತೆ.

ಮಾರನೆಯ ಬೆಳಿಗ್ಗೆ ರೋವೀನಾ ಸೇತುವೆಯ ಉಬ್ಬನ್ನು ಐವತ್ತೈದರ ವೇಗದಲ್ಲಿ ದಾಟಿದಳು. ಗಾಡಿ ದೋಣಿಯ ಹಾಗೆ ಹೋಯಿತು. ಎದುರಿಗೆ ಸ್ಕೋಗನ್ ಎರಡು ಬುಷ್‌ನ ನಡುಕದಲ್ಲಿ ಟೋಪಿ ಕಣ್ಣಿಗಿಳಿದು, ಸ್ಟಿಯರಿಂಗನ್ನು ಮುದ್ದಾಡುವವರಂತೆ ತಬ್ಬಿಕೊಂಡು ಬರುತ್ತಿದ್ದರು. ರೋವೀನಾ ತೋರುಬೆರಳು ಎತ್ತಿದಳು. ಮೂವತ್ತೈದು ವರ್ಷದ ಅಭ್ಯಾಸ, ಅದಾಗಿಯೇ ಎದ್ದಿತು.

ಎರಡು ಆರೋಪಗಳ ಮೇಲೆ ಅವಳಿಗೆ ನೋಟಿಸು ಹೋಯಿತು. ಒಂದು, ಕೌಂಟಿಯ ಆಸ್ತಿಯಲ್ಲಿದ್ದ ಸಂವಾದವನ್ನು ಅನುಮತಿಯಿಲ್ಲದೆ ತೆಗೆಸಿದ್ದು. ಎರಡು, ಸಲ್ಲಬೇಕಾದ ವಂದನೆಯನ್ನು ತಡೆಹಿಡಿದು, ಅದರ ಬದಲು ರದ್ದಾದ ಬೆರಳನ್ನು ಚಲಾಯಿಸಿದ್ದು. ಗಾಡಿಯನ್ನು ಮೊದಲಿನಂತೆ ನಡುಗುವ ಸ್ಥಿತಿಗೆ ತರಬೇಕು, ಇಲ್ಲವಾದರೆ ಬೀಗದ ಕೈ ಒಪ್ಪಿಸಬೇಕು. ಬೀಗದ ಕೈ ಹೋದರೆ ಹೊಳೆಯಾಚೆಗೆ ನರ್ಸೂ ಇಲ್ಲ. ವಿಚಾರಣೆಯ ದಿನ ಸಭಾಂಗಣ ತುಂಬಿತ್ತು. ಹಾಲ್ವರ್ ಅಜ್ಜನನ್ನು ಯಾರೋ ಕರೆತಂದು ಮುಂದೆ ಕೂರಿಸಿದ್ದರು.

ಅವಳು ಎದ್ದು, ತಪ್ಪು ಒಪ್ಪಿಕೊಂಡೆ ಎಂದಳು. ಸ್ಕೋಗನ್ ಅವರಿಗೆ ಇದರ ನಿರೀಕ್ಷೆಯಿರಲಿಲ್ಲ.

“ಮತ್ತೆ ನಡುಗಿಸ್ತೀನಿ ಆರ್ವಿಡ್. ಆದ್ರೆ ಒಂದು ಕೇಳ್ತೀನಿ, ಎಷ್ಟು ನಡುಗಿಸಲಿ? ಕಮ್ಮಿಯಾದ್ರೆ ನಿನಗೆ ಅವಮಾನ, ಜಾಸ್ತಿಯಾದ್ರೆ ನಾನು ಹೊಳೆ ಪಾಲು. ಸರಿಯಾದ ಅಳತೆ ಬರೆದು ಕೊಡು, ಮೈಲೊ ಹಾಗೇ ಮಾಡ್ತಾನೆ.”

ಕೇಳಿದ್ದು ನ್ಯಾಯವಾಗಿತ್ತು. ಸ್ಕೋಗನ್ ವಕೀಲರ ಕಡೆ ನೋಡಿದರು. ವಕೀಲರು ಬಹಳ ಹೊತ್ತು ಪುಸ್ತಕ ಮಗುಚಿದರು. ಕೌಂಟಿಯ ಗಾಡಿಗೆ ಮಾಡುವ ಯಾವ ಮಾರ್ಪಾಡಿಗೂ ತಯಾರಕರ ಅಳತೆಪತ್ರ ಬೇಕು. ನಡುಕದ ಅಳತೆಪತ್ರವನ್ನು ತಯಾರಕರು ಕೊಡಲಾರರು, ಏಕೆಂದರೆ ಅವರ ಯಾವ ವಾಹನವೂ ನಡುಗುವುದಿಲ್ಲ ಎಂದು ಲಿಖಿತವಾಗಿ ಬಂದಿದೆ. ಅಳತೆಪತ್ರವಿಲ್ಲದೆ ನಡುಗಿಸಿದರೆ ಅದು ಅನಧಿಕೃತ ನಡುಕ. ಅನಧಿಕೃತ ನಡುಕದಲ್ಲಿ ಏನಾದರೂ ಆದರೆ ನಡುಗಿಸಲು ಆದೇಶ ಕೊಟ್ಟವರು, ಅಂದರೆ ಅಧ್ಯಕ್ಷರು, ಸ್ವಂತವಾಗಿ ಹೊಣೆ.

ಸ್ವಂತವಾಗಿ ಎಂಬ ಮಾತು ಕೇಳಿದ ಮೇಲೆ ಸ್ಕೋಗನ್ ಹತ್ತು ನಿಮಿಷದ ವಿರಾಮ ಘೋಷಿಸಿದರು. ವಿರಾಮದಲ್ಲಿ ಕಾಫಿ ಲೋಟ ಹಿಡಿದು ನನ್ನ ಬಳಿ ಬಂದು, “ಏನಯ್ಯಾ ಮಾಡೋದು? ಮರ್ಯಾದೆನೂ ಹೋಗಬಾರದು, ಹೊಣೆನೂ ಬರಬಾರದು” ಎಂದರು.

“ಒಂದು ಬೋರ್ಡು ಬರೆಸಿಬಿಡಿ” ಎಂದೆ. “ಮುಂದಿನ ಬಂಪರಿಗೆ.”

ವಿರಾಮದ ನಂತರ ನಿರ್ಣಯಕ್ಕೆ ತಿದ್ದುಪಡಿ ಬಂತು. ತಯಾರಕರಿಂದ ನಡುಕದ ಅಳತೆಪತ್ರ ಬರುವವರೆಗೆ ಸಂಚಾರಿ ನರ್ಸಿನ ವಾಹನವನ್ನು ‘ತಾತ್ಕಾಲಿಕವಾಗಿ ನಡುಗದ ವಾಹನ’ವೆಂದು ಗುರುತಿಸಿ, ಅದರ ಮುಂದೆ ಎರಡಡಿ ಉದ್ದದ ಹಳದಿ ಬೋರ್ಡು ಹಾಕತಕ್ಕದ್ದು: ‘ಈ ವಾಹನದ ವಂದನೆ ಪರಿಶೀಲನೆಯಲ್ಲಿದೆ. ದಯವಿಟ್ಟು ಬಂದಿದೆಯೆಂದು ತಿಳಿಯಿರಿ.’ ಹಾಲ್ವರ್ ಅಜ್ಜ ಪಕ್ಕದವನಿಂದ ಓದಿಸಿಕೊಂಡು ಕೇಳಿ, ಒಳ್ಳೆಯದಾಯಿತು, ಬೋರ್ಡು ದಪ್ಪಕ್ಷರದಲ್ಲಿರಲಿ ಎಂದ.

ಬೋರ್ಡನ್ನು ನಾನೇ ಬರೆಸಿಕೊಟ್ಟೆ. ಮರುವಾರ ಇನ್ನೂ ಆರು ಜನ ತಮಗೂ ಬೇಕೆಂದು ಬಂದರು. ಕ್ರಿಸ್ಮಸ್ ಹೊತ್ತಿಗೆ ಇನ್ನೂರ ಹನ್ನೆರಡು ಅರ್ಜಿಗಳಾದವು. ಒಂದು ವರ್ಷ ನಿರಂತರವಾಗಿ ನಡುಗಿದ ದಾಖಲೆ ಇರುವವರಿಗೆ ಮಾತ್ರ ಬೋರ್ಡು ಎಂದು ಮಂಡಳಿ ನಿಯಮ ಮಾಡಿತು. ಜನ ಒಪ್ಪಿದರು. ಸಾಲಿನಲ್ಲಿ ನಿಲ್ಲುವುದು ಯಾರಿಗೆ ಹೊಸದು? ಸ್ಕೋಗನ್ ಮೂವತ್ತೆಂಟು ವೋಟಿನಿಂದ ಗೆದ್ದರು. ಅವರ ಅರ್ಜಿಯೂ ಸಾಲಿನಲ್ಲಿದೆ, ಅವರಿಗೂ ಇನ್ನು ಎಂಟು ತಿಂಗಳು ಬಾಕಿ.

ಈಗ ರೋವೀನಾ ದಿನಾ ಬೆಳಿಗ್ಗೆ ಒಂದು ಕೈಯಲ್ಲಿ ಕಾಫಿ ಹಿಡಿದು ಹೊಳೆ ದಾಟುತ್ತಾಳೆ. ಅಜ್ಜನಿಗೆ ಚುಚ್ಚುಮದ್ದು ಹೊತ್ತಿಗೆ ಸರಿಯಾಗಿ ಸಿಗುತ್ತಿದೆ. ಎದುರಿಗೆ ಬರುವವರು ಸ್ಟಿಯರಿಂಗ್ ಅವುಚಿ, ಹಲ್ಲು ಕಚ್ಚಿ, ಅವಳ ಹಳದಿ ಬೋರ್ಡಿನ ಕಡೆ ನೋಡಿ ತಲೆಯಾಡಿಸುತ್ತಾರೆ. ಆಡಿಸುವವರು ಅವರೋ, ಅವರ ಗಾಡಿಯೋ ಎಂಬುದನ್ನು ಯಾರೂ ವಿಚಾರಿಸಿಲ್ಲ. ಎರಡೂ ಮರ್ಯಾದೆಯ ಲೆಕ್ಕಕ್ಕೇ ಬರುತ್ತವೆ.